ಭಾನುವಾರದ ಅಯಸ್ಕಾಂತ

ನಮ್ಮ ಓಣಿಯ ಗಂಡಸರಿಗೆ ಮನೆಯೊಳಗೆ ಮೂರೇ ಮಾತು ಬರುತ್ತವೆ: ಸ್ನಾನ, ಊಟ, ಮಲಗ್ತೀನಿ. ಒಸಾಕಾದ ಹೆಂಗಸರು ಇದನ್ನು ತಮಾಷೆಗೆ ಹೇಳಿಕೊಂಡು ನಗುತ್ತಾರೆ. ಕಿನುಯೆಯ ಗಂಡ ಇವಾವೊ ಮಾತ್ರ ಆ ತಮಾಷೆಯನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದವನು. ಬೋಲ್ಟು ಮಾಡುವ ಕಾರ್ಖಾನೆಯಿಂದ ಸಂಜೆ ಬಂದು ಆ ಮೂರನ್ನು ಆಡಿದನೆಂದರೆ ದಿನದ ಮಾತು ಮುಗಿಯಿತು. ಹೆಂಡತಿಯನ್ನು ಕರೆಯಲು ಹೆಸರೂ ಬೇಕಿರಲಿಲ್ಲ, 'ಓಯ್' ಎಂದರೆ ಸಾಕಿತ್ತು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎಂಬ ಹೆದರಿಕೆ ಆ ಮನುಷ್ಯನಿಗೆ. ಕೆಲಸದಿಂದ ನಿವೃತ್ತನಾಗಿ ಹಗಲೆಲ್ಲ ಮನೆಯಲ್ಲೇ ಕೂತ ಮೇಲೂ ಮೂರು ನಾಲ್ಕಾಗಲಿಲ್ಲ.

ಅವರ ನಡುವೆ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ನಾಲ್ಕು ಮಾತಾದರೂ ಓಡಾಡುತ್ತಿದ್ದವು. ಮಕ್ಕಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕಿನುಯೆ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿದಳು. ಆಮೇಲೆ ಅವಳಿಗೂ ಸಾಕಾಯಿತು. ಗೋಡೆಯ ಜೊತೆ ಎಷ್ಟು ದಿನ ಮಾತಾಡುವುದು? ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆಯ ಅನ್ನ ಉಂಡುಕೊಂಡು, ಆ ಹೆಂಗಸು ಒಂಟಿಯಾಗಿದ್ದಳು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ.

ಆದರೆ ಭಾನುವಾರ ಸಂಜೆ ಎಂಬುದೊಂದು ಇತ್ತು.

ಕಿನುಯೆ ಸ್ಟೇಷನ್ ಪಕ್ಕದ ಲಾಂಡ್ರಿಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುವವಳು. ಆ ಕೆಲಸ ಮಾಡಿದವರಿಗೆಲ್ಲ ಹೆಗಲು ಹಿಡಿದುಕೊಳ್ಳುತ್ತದೆ. ಅದಕ್ಕೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವ ಮದ್ದು ಅಯಸ್ಕಾಂತ. ಮೈಬಣ್ಣದ ದುಂಡನೆಯ ಅಂಟುಪಟ್ಟಿ, ಅದರ ನಡುವೆ ಮೆಣಸಿನಕಾಳಿಗಿಂತ ಚಿಕ್ಕದಾದ ಅಯಸ್ಕಾಂತದ ಗುಂಡು. ನೋವಿರುವ ಕಡೆ ಅಂಟಿಸಿಕೊಂಡರೆ ನಾಲ್ಕೈದು ದಿನ ಹಾಗೇ ಇರುತ್ತದೆ. ಅದರಿಂದ ನಿಜವಾಗಿ ನೋವು ಹೋಗುತ್ತದೋ ಇಲ್ಲವೋ, ಆ ದೇವರಿಗೇ ಗೊತ್ತು. ಹೋಗುತ್ತದೆ ಎಂದು ಕಿನುಯೆ ಆಣೆ ಇಟ್ಟು ಹೇಳುತ್ತಿದ್ದಳು.

ಕುತ್ತಿಗೆಗೆ, ಹೆಗಲ ಮೇಲಕ್ಕೆ ಅವಳೇ ಅಂಟಿಸಿಕೊಳ್ಳಬಲ್ಲಳು. ಆದರೆ ಗಂಟು ಕಟ್ಟಿದ್ದ ನೋವು ಇದ್ದದ್ದು ಬೆನ್ನ ಮೇಲೆ, ಬಲ ಹೆಗಲಮೂಳೆಯ ಒಳಬದಿಯಲ್ಲಿ. ಮೇಲಿನಿಂದ ಕೈ ಹಾಕಿದರೂ ಸಿಗುವುದಿಲ್ಲ, ಕೆಳಗಿನಿಂದ ತಿರುಚಿದರೂ ಸಿಗುವುದಿಲ್ಲ. ಆದ್ದರಿಂದ ಭಾನುವಾರ ಸ್ನಾನವಾದ ಮೇಲೆ ಅವಳು ಗಂಡನ ಮುಂದೆ ಬೆನ್ನು ಮಾಡಿ ಚಾಪೆಯ ಮೇಲೆ ಕೂರುತ್ತಿದ್ದಳು, ಹತ್ತಿಯ ನಿಲುವಂಗಿಯನ್ನು ಹೆಗಲಿಂದ ಇಳಿಸುತ್ತಿದ್ದಳು. ಇವಾವೊ ಟೀವಿಯಿಂದ ಕಣ್ಣು ಕೀಳದೆ ತೋಳು ಉದ್ದಕ್ಕೆ ಚಾಚಿ ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದ.

"ಇಲ್ಲೇನಾ?"

"ಇನ್ನೂ ಸ್ವಲ್ಪ ಕೆಳಗೆ."

"ಇಲ್ಲೇನಾ?"

"ಹ್ಞಾ, ಅಲ್ಲೇ."

ಪಟ್ಟಿ ಕೂರಿಸಿ, ಅದು ಚೆನ್ನಾಗಿ ಹಿಡಿಯಲಿ ಎಂದು ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದ. ಕಬ್ಬಿಣ ತಿರುವಿ ತಿರುವಿ ದೊರಗಾದ ಅಂಗೈ. ಅದು ಅಲ್ಲಿದ್ದಷ್ಟು ಹೊತ್ತು ಕಿನುಯೆ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು. ಇಡೀ ವಾರದಲ್ಲಿ ಒಬ್ಬ ಮನುಷ್ಯ ಅವಳನ್ನು ಮುಟ್ಟುತ್ತಿದ್ದದ್ದು ಅದೊಂದೇ ಸಲ. ಸೋಮವಾರದಿಂದ ಅವಳು ಕಾಯುತ್ತಿದ್ದದ್ದೂ ಅದಕ್ಕೇ.

ಚಳಿಗಾಲ ಇನ್ನೇನು ಶುರುವಾಗಬೇಕು ಎನ್ನುವಾಗ ಇವಾವೊ ಮೆಟ್ಟಿಲ ಮೇಲೆ ಕುಸಿದು ಕೂತ. ಹೃದಯ ಬಡಿಯುವುದನ್ನು ಮರೆಯುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಎಡ ಎದೆಯ ಚರ್ಮದಡಿ ಪೇಸ್‌ಮೇಕರ್ ಕೂರಿಸಿ ಕಳಿಸಿದರು. ಅವನನ್ನು ಮನೆಗೆ ಕರೆತಂದ ಮರುದಿನ ಕಿನುಯೆ ಔಷಧಿ ಅಂಗಡಿಗೆ ಹೋಗಿ ಅಯಸ್ಕಾಂತದ ಪೊಟ್ಟಣ ಕೈಗೆತ್ತಿಕೊಂಡಳು. ಅದರ ಹಿಂಬದಿಯಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು, ಪೇಸ್‌ಮೇಕರ್ ಇರುವವರು ಇದನ್ನು ಬಳಸಬಾರದು, ಅಂಥವರಿಗೆ ಇದನ್ನು ತಾಗಿಸಲೂಬಾರದು. ಅಷ್ಟು ವರ್ಷ ಕೊಂಡ ಪೊಟ್ಟಣವನ್ನು ಅವಳು ಎಂದೂ ತಿರುಗಿಸಿ ನೋಡಿರಲಿಲ್ಲ. ಕೈ ಸುಟ್ಟವಳ ಹಾಗೆ ಅಲ್ಲೇ ಇಟ್ಟು ಬಂದಳು.

ಆಸ್ಪತ್ರೆಗೆ ಒಂದು ಫೋನು ಮಾಡಿದ್ದರೆ ವಿಷಯ ಮುಗಿಯುತ್ತಿತ್ತು. ಆದರೆ ನಮ್ಮ ಜನ ಕೇಳುವುದಿಲ್ಲ. ಡಾಕ್ಟರಿಗೆ ನೂರು ಕೆಲಸ, ಹೊರಗೆ ರೋಗಿಗಳ ಸಾಲು, ಅಂಥದ್ದರಲ್ಲಿ ನನ್ನ ಬೆನ್ನಿನ ಪಟ್ಟಿಯ ಪ್ರಶ್ನೆಯೇ? ಛೆ, ತೊಂದರೆ ಕೊಡಬಾರದು. ಬೇರೆಯವರಿಗೆ ತೊಂದರೆ ಕೊಡಬಾರದು ಎಂದು ಕಲಿಸಿ ಕಲಿಸಿ ನಮ್ಮನ್ನು ನಮ್ಮ ಹಿರಿಯರು ಹಾಳು ಮಾಡಿಟ್ಟಿದ್ದಾರೆ, ಇದು ನನ್ನ ಹಳೆಯ ಸಿಟ್ಟು. ಕಿನುಯೆ ಮನೆಯಲ್ಲಿದ್ದ ಅಯಸ್ಕಾಂತವನ್ನೆಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಬೊಂಬೆಗಳನ್ನೂ ಸೇರಿಸಿ, ಒಂದು ಚೀಲಕ್ಕೆ ತುಂಬಿ ಲಾಂಡ್ರಿಗೆ ಸಾಗಿಸಿದಳು.

ಗಂಡನಿಗಾದರೂ ನಿಜ ಹೇಳಬಹುದಿತ್ತು. ಹೇಳಿದರೆ ತನ್ನಿಂದ ಇವಳಿಗೆ ತೊಂದರೆಯಾಯಿತು ಎಂದು ಕೊರಗುತ್ತಾನೆ, ಮೊದಲೇ ಬಿದ್ದೆದ್ದ ಜೀವ ಎಂದು ಅವಳ ಲೆಕ್ಕ. ಭಾನುವಾರ ಸ್ನಾನ ಮುಗಿಸಿ ಬಂದಾಗ ಅವನು ಆಗಲೇ ಕೈ ಚಾಚಿ ಕೂತಿದ್ದ.

"ಇನ್ಮೇಲೆ ಬೇಡ ರೀ," ಎಂದಳು ಕಿನುಯೆ. "ನೋವು ಹೋಯ್ತು."

"ಹೌದಾ," ಎಂದ ಇವಾವೊ. ಚಾಚಿದ ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡ.

ಭಾನುವಾರಗಳು ಉಳಿದ ದಿನಗಳ ಹಾಗೇ ಆದವು. ಅವನು ಅದೇ ಜಾಗದಲ್ಲಿ ಅದೇ ಹೊತ್ತಿಗೆ ಕೂರುತ್ತಿದ್ದ. ಇವಳು ತೊಳೆದ ಬಟ್ಟಲನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು. ಬೆನ್ನಿನ ಗಂಟು ಬಲಿತು, ಇಸ್ತ್ರಿಪೆಟ್ಟಿಗೆ ಎತ್ತುವುದೇ ಕಷ್ಟವಾಯಿತು. ಹಲ್ಲು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದದ್ದನ್ನು ಪಕ್ಕದ ಮೇಜಿನ ಮಸುಮಿ ನೋಡಿದಳು. ಮಸುಮಿಗೆ ನಾಲಿಗೆ ಸ್ವಲ್ಪ ಉದ್ದ, ಮನಸ್ಸು ಒಳ್ಳೆಯದು.

"ಏನು ಕಿನುಯೆಸಾನ್, ಅಂಗಿ ಮೇಲೆ ಇಷ್ಟೊಂದು ಸಿಟ್ಟು? ಮೊನ್ನೆ ಒಂದು ಚೀಲ ಮ್ಯಾಗ್ನೆಟ್ ತಂದು ನನ್ನ ತಲೆಗೆ ಕಟ್ಟಿದ್ರಿ, ಈಗ ನೀವೇ ಸೊಟ್ಟಗೆ ನಿಂತಿದ್ದೀರಾ."

"ಅಂಟಿಸೋರಿಲ್ಲಮ್ಮ."

"ಮನೇಲಿ ಗಂಡ ಅನ್ನೋ ಪ್ರಾಣಿ ಇದೆಯಲ್ಲ, ಅದರ ಕೈಗೇನಾಯ್ತು?"

"ಕೈಗೇನೂ ಆಗಿಲ್ಲ. ಎದೆಗಾಗಿದೆ," ಎಂದು ಕಿನುಯೆ ಪೊಟ್ಟಣದ ಕೆಂಪಕ್ಷರದ ಕಥೆ ಹೇಳಿದಳು.

"ಅಯ್ಯೋ ಪಾಪ! ಬನ್ನಿ, ಅಂಗಿ ಎತ್ತಿ. ನನ್ನ ಕೈಯೇನು ಬಾಡಿಗೆಗೆ ಕೊಟ್ಟಿಲ್ಲ."

ಹಿಂದಿನ ಕೋಣೆಯಲ್ಲಿ ಮಸುಮಿ ಆ ಚೀಲದಿಂದಲೇ ಒಂದು ಪಟ್ಟಿ ತೆಗೆದು, ಒಂದೇ ಸಲಕ್ಕೆ ಸರಿಯಾದ ಜಾಗ ಹಿಡಿದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕಿನುಯೆ ಬಾಗಿ ಬಾಗಿ ಕೈಮುಗಿದಳು. ಒಂದು ದಿನ ಕಾದಳು, ಎರಡು ದಿನ ಕಾದಳು. ನೋವು ಎಳ್ಳಷ್ಟೂ ಇಳಿಯಲಿಲ್ಲ. ಅದೇ ಅಂಗಡಿಯ ಅದೇ ಗುಂಡು, ಅದೇ ಜಾಗ. ಇಷ್ಟು ವರ್ಷ ನೋವು ಎಳೆದದ್ದು ಯಾವುದು ಎಂದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಅಂಗಿಗಳ ಮಧ್ಯೆ ನಿಂತು ಸುಮ್ಮನೆ ಅತ್ತಳು. ಹಬೆ ಇತ್ತು, ಯಾರಿಗೂ ಕಾಣಲಿಲ್ಲ.

ಆದರೂ ಪಟ್ಟಿ ತೆಗೆಯಲಿಲ್ಲ. ಮಸುಮಿ ಅಷ್ಟು ಅಕ್ಕರೆಯಿಂದ ಅಂಟಿಸಿದ್ದನ್ನು ಕಿತ್ತರೆ ಅವಳಿಗೆ ಬೇಜಾರಾಗುತ್ತದಂತೆ! ಬೆನ್ನ ಮೇಲೆ ಅಯಸ್ಕಾಂತ ಹೊತ್ತುಕೊಂಡು ಮನೆಗೆ ಬರುವ ಹೆಂಗಸು ಮತ್ತೇನು ಮಾಡಿಯಾಳು? ಕಿರಿದಾದ ನಡುಮನೆಯಲ್ಲಿ ಗಂಡ ಎದುರಾದರೆ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು. ಅನ್ನದ ಬಟ್ಟಲನ್ನು ದೂರದಿಂದ ತಳ್ಳುತ್ತಿದ್ದಳು. ಹಾಸಿಗೆಯನ್ನು ಬಟ್ಟೆ ಒಣಗಿಸುವ ಕೋಣೆಗೆ ಒಯ್ದಳು. ಇವಾವೊ ಎಲ್ಲವನ್ನೂ ನೋಡುತ್ತಿದ್ದ. ಮಾತು ಬಾರದಿದ್ದರೂ ಕಣ್ಣು ಕುರುಡಲ್ಲವಲ್ಲ.

ಒಂದು ಸಂಜೆ ಸಾರಿನಲ್ಲಿ ಬೆಂದ ಮೂಲಂಗಿಯನ್ನು ಊಟದ ಕಡ್ಡಿಗಳಿಂದ ಎರಡು ಹೋಳು ಮಾಡಿ, ಬಾಯಿಗಿಡದೆ, ಕೇಳಿದ.

"ಓಯ್. ನನ್ನೊಳಗಿರೋ ಯಂತ್ರ ಕಂಡ್ರೆ ನಿಂಗೆ ಅಸಹ್ಯನಾ?"

ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಕಿನುಯೆಗೆ ಮೊದಲು ಅರ್ಥವೇ ಆಗಲಿಲ್ಲ.

"ಏನಂದ್ರಿ?"

"ಹತ್ರ ಬರಲ್ಲ. ಹಾಸಿಗೆ ತಗೊಂಡು ಹೋದೆ. ನನ್ನ ಕೈ ಬೆನ್ನಿಗೂ ಬೇಡ ಅಂದೆ. ಅರ್ಧ ಮನುಷ್ಯ ಅರ್ಧ ಮಿಷನ್ನು, ಯಾರಿಗೆ ಬೇಕು. ನಂಗೆ ಅರ್ಥ ಆಗುತ್ತೆ."

"ಅಯ್ಯೋ, ಅಲ್ಲಾ ರೀ! ನನ್ನ ಬೆನ್ನಲ್ಲಿ ಮ್ಯಾಗ್ನೆಟ್ ಇದೆ. ನಿಮ್ಮ ಎದೆಗೆ ಏನಾದ್ರೂ ಆದೀತು ಅಂತ."

ಇವಾವೊ ಕಡ್ಡಿಗಳನ್ನು ಕೆಳಗಿಟ್ಟ.

"ನೋವು ಹೋಯ್ತು ಅಂದಿದ್ದೆಯಲ್ಲ."

"ಸುಳ್ಳು ಹೇಳ್ದೆ."

"ಅಂಟಿಸಿದ್ಯಾರು?"

"ಲಾಂಡ್ರಿ ಮಸುಮಿ."

ಅವನ ಮುಖ ಸಣ್ಣದಾಯಿತು. ಮಸುಮಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚು ಎಂದು ಹೇಳಿದರೆ ಓಣಿಯವರು ಬಿದ್ದು ಬಿದ್ದು ನಕ್ಕಾರು, ಆದರೆ ಅದು ಹೊಟ್ಟೆಕಿಚ್ಚೇ.

"ನಾಡಿದ್ದು ಆಸ್ಪತ್ರೆಗೆ ಹೋಗ್ಬೇಕಲ್ಲ," ಎಂದ ಕೊನೆಗೆ. "ನೀನೂ ಬಾ. ಡಾಕ್ಟರನ್ನ ಕೇಳು."

"ನೀವೇ ಕೇಳಿ. ನಿಮ್ಮ ಎದೆ."

"ನಿನ್ನ ಬೆನ್ನು. ಅಲ್ಲದೆ ನಂಗೆ ಮಾತು ಬರಲ್ಲ ಅಂತ ನಿಂಗೊತ್ತಲ್ಲ."

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಕಿನುಯೆ ಮರದ ಚಮಚದ ಹಿಡಿಯಿಂದ ಕೆರೆದೂ ಕೆರೆದೂ ಬೆನ್ನಿನ ಪಟ್ಟಿ ಕಿತ್ತುಹಾಕಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಿನುಯೆ ಕ್ಷಮಿಸಿ, ಕ್ಷಮಿಸಿ ಎಂದು ಬಾಗಿ ಬಾಗಿ ವಿಷಯಕ್ಕೆ ಬರುವಷ್ಟರಲ್ಲಿ ಅವಳೇ ನಕ್ಕುಬಿಟ್ಟಳು.

"ಅಷ್ಟೇನಾ ಅಮ್ಮ? ಇವರು ತಮ್ಮ ಎದೆಗೆ ಅಂಟಿಸ್ಕೋಬಾರ್ದು, ಅಷ್ಟೇ. ನಿಮ್ಮ ಬೆನ್ನಿಗೆ ಇವರೇ ಅಂಟಿಸ್ಲಿ, ಏನೂ ಆಗಲ್ಲ. ಯಂತ್ರದಿಂದ ಒಂದು ಗೇಣು ದೂರ ಇದ್ರೆ ಸಾಕು. ಅದಕ್ಕಿಂತ ಹತ್ತಿರ ಬರೋ ಹಾಗಿದ್ರೆ ಮಾತ್ರ ತೆಗೆದಿಡಿ. ತಬ್ಬಿಕೊಂಡು ಮಲಗೋವಾಗ, ಅಂಥ ಹೊತ್ತಲ್ಲಿ."

ಅವಳು ತಮಾಷೆಗೆ ಅಂದದ್ದು. ಇಬ್ಬರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

ಒಂದು ಗೇಣು. ರೈಲಿಗೆ ಕಾಯುವಾಗ ಕಿನುಯೆ ಹೆಬ್ಬೆರಳಿಂದ ಕಿರುಬೆರಳಿಗೆ ಕೈ ಅಗಲಿಸಿ ನೋಡಿಕೊಂಡಳು. ಇಷ್ಟೇ. ಇಷ್ಟು ಹತ್ತಿರ ತಾವಿಬ್ಬರೂ ಬಂದು ಎಷ್ಟು ವರ್ಷವಾಯಿತು? ಭಾನುವಾರವೂ ಅವನು ತೋಳುದ್ದ ದೂರದಲ್ಲೇ ಕೂತಿರುತ್ತಿದ್ದ. ಮೊದಲಿನಿಂದಲೂ ಯಾವ ಅಯಸ್ಕಾಂತವೂ ಅವನ ಎದೆಯ ಹತ್ತಿರ ಹೋಗುವ ಹಾಗಿರಲಿಲ್ಲ. ತಾನು ಹೆದರಿದ್ದೆಲ್ಲ ಹೆದರಬೇಕಾದ ಮಾತೇ ಆಗಿರಲಿಲ್ಲ.

ರೈಲಿನಲ್ಲಿ ಎಂದಿನಂತೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ನಡುವೆ ಮಾತ್ರೆಗಳ ಚೀಲ. ಮುಂದಿನ ನಿಲ್ದಾಣದಲ್ಲಿ ಜನ ನುಗ್ಗಿದರು. ಈರುಳ್ಳಿ ಸೊಪ್ಪಿನ ಕಟ್ಟು ಹಿಡಿದ ದಪ್ಪನೆಯ ಹೆಂಗಸೊಬ್ಬಳು ಇವಾವೊನ ಮುಂದೆ ನಿಂತು, "ಸ್ವಲ್ಪ ಸರೀತೀರಾ ಯಜಮಾನ್ರೇ?" ಎಂದಳು. ಇವಾವೊ ಚೀಲವನ್ನು ತೊಡೆಗೆ ಎತ್ತಿಕೊಂಡು ಕಿನುಯೆಯ ಕಡೆಗೆ ಸರಿದ. ಹೆಂಗಸು ಆಚೆ ಬದಿಯಲ್ಲಿ ಒರಗಿ ಕೂತಾಗ ಅವನ ತೋಳು ಕಿನುಯೆಯ ತೋಳಿಗೆ, ತೊಡೆ ತೊಡೆಗೆ ಒತ್ತಿಕೊಂಡಿತು. ಕೋಟಿನ ದಪ್ಪ ಬಟ್ಟೆ ದಾಟಿ ಬಿಸುಪು ಬಂತು.

ಎರಡು ನಿಲ್ದಾಣ ಕಳೆದು ಆ ಹೆಂಗಸು ಇಳಿದಳು. ಅವಳ ಹಿಂದೆ ಎಲ್ಲರೂ ಇಳಿದರು. ಡಬ್ಬಿಯ ತುಂಬ ಖಾಲಿ ಸೀಟು. ಪಕ್ಕದ ಸೀಟು ಖಾಲಿಯಾದರೆ ಸರಿದು ಕೂರುವುದು ಇಲ್ಲಿನ ಮರ್ಯಾದೆ, ಗಂಡಹೆಂಡಿರಾದರೂ ಅಷ್ಟೇ. ಕಿನುಯೆ ಎದುರಿನ ಕಿಟಕಿ ನೋಡುತ್ತ ಅವನು ಸರಿಯುವುದನ್ನು ಕಾದಳು. ಈಗ ಸರಿಯುತ್ತಾನೆ, ಈಗ.

ಅವರು ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಇಬ್ಬರೂ ಅದನ್ನು ನೋಡಿದರು. ಬಾಗಿಲು ಮುಚ್ಚಿತು, ರೈಲು ಹೊರಟಿತು.

"ಮುಂದಿನದ್ರಲ್ಲಿ ಇಳಿಯೋಣ," ಎಂದ ಇವಾವೊ.

"ಹ್ಞೂ," ಎಂದಳು ಕಿನುಯೆ.

ಅದರಲ್ಲೂ ಇಳಿಯಲಿಲ್ಲ.