ಬೀರೂರು ದಾಟಿದ ಮೇಲೆ ಪಾಠ

ಯಗಟಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕುರಿಗಳು ಎದ್ದಿವೆ, ಕಡೂರು-ಬೀರೂರು ಮೇಲೆ ಅಜ್ಜಂಪುರಕ್ಕೆ ಹೋಗಿ ಅಲ್ಲಿಂದ ಬುಕ್ಕಾಂಬುಧಿಗೆ ತಿರುಗುವ ಖಾಸಗಿ ಬಸ್ಸೂ ಎದ್ದು ಗುರುಗುಟ್ಟುತ್ತಿದೆ. ತೆಂಗಿನಕಾಯಿಯ ಮೂಟೆಗಳು ಮೇಲೇರಿದ ಮೇಲೆ ಸುಮನಾ ಮೇಡಂ ಹತ್ತುತ್ತಾರೆ. ಹತ್ತಿದವರು ತಮ್ಮ ಮಾಮೂಲಿ ಸೀಟಿನ ಕಡೆ ನೋಡದೆ ಸೀದಾ ಕೊನೆಯ ಸಾಲಿನ ಮೂಲೆಗೆ ಹೋಗಿ ಕೂರುತ್ತಾರೆ. ಹೆಗಲ ಮೇಲಿನ ಶಾಲನ್ನು ತಲೆಗೆ ಹೊದ್ದು ಮೂಗಿನವರೆಗೂ ಎಳೆದುಕೊಳ್ಳುತ್ತಾರೆ.

"ಇದೇನ್ ಮೇಡಮ್ಮೋರೆ, ಜ್ವರವಾ?" ಎಂದು ಕಂಡಕ್ಟರ್ ದೊಡ್ಡಬೀರಪ್ಪ ಬಗ್ಗಿ ನೋಡುತ್ತಾರೆ.

"ಜ್ವರಾನೂ ಇಲ್ಲ ಗಿರಾನೂ ಇಲ್ಲ ಕಣಪ್ಪ. ನಾನ್ ಬಂದಿದೀನಿ ಅಂತ ಯಾರ್‌ಗೂ ಹೇಳ್ಬೇಡ."

"ಹೇಳಲ್ಲ ಬಿಡಿ. ಟಿಕೇಟಾದ್ರೂ ತಗಂತೀರೋ, ಅದೂ ಕದ್ದು ಮುಚ್ಚಿಯೋ?"

ಸುಮನಾ ಶಿಕ್ಷಕರಿಗೆ ಶಿಕ್ಷಕಿ. ಅಜ್ಜಂಪುರದ ಸುತ್ತಲಿನ ಹತ್ತಾರು ಸರ್ಕಾರಿ ಶಾಲೆಗಳಿಗೆ ಹೋಗಿ, ಮೇಷ್ಟ್ರುಗಳ ಪಕ್ಕದಲ್ಲಿ ಕೂತು, ಪಾಠ ಹೇಗೆ ಮಾಡಿದರೆ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ ಎಂದು ಅವರ ಜೊತೆ ಸೇರಿ ಹುಡುಕುವುದು ಅವರ ಉದ್ಯೋಗ. ಇಲಾಖೆಯವರ ಬಾಯಲ್ಲಿ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಇವತ್ತು ಮಾತ್ರ ಅವರು ತಮಗೆ ತಾವೇ ಹಾಕಿಕೊಂಡಿರುವ ಕೆಲಸ ತುಟಿಪಿಟಕ್ ಎನ್ನದೆ ಕೂರುವುದು. ಅವರನ್ನು ಬಲ್ಲವರು ಇದನ್ನು ನಂಬುವುದು ಕಷ್ಟ. ಕಡೂರು ಬರುವವರೆಗೆ ಅಡ್ಡಿಯಿಲ್ಲ, ಮೇಷ್ಟ್ರುಗಳು ಹತ್ತುವುದು ಅಲ್ಲಿಂದ. ಹಾಗಾಗಿ ಪಕ್ಕದಲ್ಲಿ ಕೂತ ನನಗೆ ಕಥೆ ಶಾಲಿನೊಳಗಿಂದಲೇ ಶುರುವಾಗುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಸುಮನಾಗೆ ಈ ಹುದ್ದೆ ಹೊಸತು, ಹುರುಪೋ ಹುರುಪು. ಮೆದುಳು ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂಬುದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ತರೀಕೆರೆಯ ಒಂದು ಸಭಾಂಗಣದಲ್ಲಿ ಎರಡು ದಿನದ ತರಬೇತಿ ಇಟ್ಟುಕೊಂಡರು. ಪರದೆಯ ಮೇಲೆ ಗುಲಾಬಿ ಬಣ್ಣದ ಮೆದುಳು. ಅದರ ಒಂದೊಂದು ಭಾಗಕ್ಕೂ ನಾಲಿಗೆ ಹೊರಳದ ಒಂದೊಂದು ಹೆಸರು. ಮೇಷ್ಟ್ರುಗಳು ತಲೆಯಾಡಿಸಿದರು, ಬರೆದುಕೊಂಡರು, ಕೊನೆಗೆ ಚಪ್ಪಾಳೆ ತಟ್ಟಿದರು. ಸುಮನಾ ಆ ಸಂಜೆ ಮನೆಗೆ ಬಂದಿದ್ದು ನೆಲಕ್ಕೆ ಕಾಲು ತಾಗದ ಹಾಗೆ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಇದೇ ಬಸ್ಸಿನಲ್ಲಿ, ತರಬೇತಿಗೆ ಬಂದಿದ್ದ ಆರೇಳು ಮಂದಿ ಒಟ್ಟಿಗೇ ಸಿಕ್ಕರು. ಸುಮ್ಮನಿರಲಾರದೆ ಕೇಳಿಯೇಬಿಟ್ಟರು: ಅವತ್ತು ಹೇಳಿಕೊಟ್ಟಿದ್ದರಲ್ಲಿ ಏನೇನು ನೆನಪಿದೆ? ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಲಿಂಗೇಶ್ ಎಂಬ ಎಳೆಯ ಮೇಷ್ಟ್ರು ಬಾಯಿ ಬಿಟ್ಟರು.

"ಎರಡನೇ ದಿನ ಹೋಳಿಗೆ ಊಟ ಇತ್ತು ಮೇಡಂ."

"ಹೌದೌದು, ಕಾಯಿಹೋಳಿಗೆ," ಎಂದು ಉಳಿದವರಿಗೂ ಜ್ಞಾಪಕ ಮರುಕಳಿಸಿತು. ತುಪ್ಪ ಧಾರಾಳವಾಗಿ ಬಡಿಸಿದ್ದು, ಯಾರು ಎಷ್ಟು ಹೋಳಿಗೆ ತಿಂದರು, ಯಾರ ಅಂಗಿಯ ಮೇಲೆ ಸಾರು ಚೆಲ್ಲಿತು, ಎಲ್ಲವೂ ನೆನಪಾಯಿತು. ಮೆದುಳಿನ ವಿಷಯ ಮಾತ್ರ ಒಬ್ಬರ ಮೆದುಳಿನಲ್ಲೂ ಇರಲಿಲ್ಲ.

"ಮರೆವಿನ ಬಗ್ಗೆ ಎರಡು ದಿನ ಭಾಷಣ ಬಿಗಿದೋಳು ನಾನು. ಅದನ್ನೇ ಎಲ್ಲರೂ ಮರ್ತಿದ್ರು. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ಕೊನೆಗೆ ನಕ್ಕೆ," ಎನ್ನುತ್ತಾರೆ ಸುಮನಾ. "ಹೋಳಿಗೆ ಯಾಕೆ ನೆನಪಿತ್ತು ಹೇಳಿ? ಘಮ ಇತ್ತು, ರುಚಿ ಇತ್ತು, ಪಕ್ಕದಲ್ಲಿ ಸ್ನೇಹಿತ್ರಿದ್ರು, ನಗು ಇತ್ತು. ಆಮೇಲೆ ಮನೆಗೋಗಿ ಹೆಂಡ್ತಿಗೆ ಹೇಳಿದ್ರು, ಮಾರನೇ ದಿನ ಸ್ಟಾಫ್ ರೂಮಲ್ಲಿ ಹೇಳಿದ್ರು. ಹೇಳಿ ಹೇಳಿ ಗಟ್ಟಿಯಾಯ್ತು. ನನ್ನ ಪಾಠಕ್ಕೆ ಇದರಲ್ಲಿ ಒಂದಾದ್ರೂ ಇತ್ತಾ?"

ಬಸ್ಸಿನ ಪಾಠ ಹುಟ್ಟಿದ್ದು ಆ ನಗುವಿನಿಂದ. ಎರಡು ದಿನದಲ್ಲಿ ಒಂದು ಮೂಟೆ ಹೊರಿಸುವ ಬದಲು ದಿನಕ್ಕೊಂದು ಹಿಡಿ. ಬೀರೂರು ದಾಟಿದ ಮೇಲೆ ಹದಿನೈದು ನಿಮಿಷ, ಅಷ್ಟೇ. ಮೊದಲ ಪ್ರಶ್ನೆ ಯಾವಾಗಲೂ ಹಳೆಯದು: ನಿನ್ನೆ ಏನು ಮಾಡಿದೆವು, ಹೋದ ವಾರ ಏನು ಮಾಡಿದೆವು? ಫೋನು ನೋಡುವಂತಿಲ್ಲ, ಬರೆದುಕೊಂಡದ್ದನ್ನು ತೆರೆಯುವಂತಿಲ್ಲ, ತಲೆಯಿಂದಲೇ ತೆಗೆಯಬೇಕು. ಹಾಗೆ ತಿಣುಕಿ ತೆಗೆದಾಗಲೇ ಕಲಿತದ್ದು ಬೇರು ಬಿಡುತ್ತದೆ ಎನ್ನುವುದು ಸುಮನಾ ಅವರ ನಂಬಿಕೆ. ಆಮೇಲೆ ಒಬ್ಬ ಮೇಷ್ಟ್ರು ಅವತ್ತು ತಮ್ಮ ತರಗತಿಯಲ್ಲಿ ಮಾಡಬೇಕಾದ ಪಾಠವನ್ನು ಇಲ್ಲೇ ಮಾಡಿ ತೋರಿಸುತ್ತಾರೆ. ಉಳಿದವರು ಮಕ್ಕಳಾಗುತ್ತಾರೆ, ತರಲೆಯನ್ನೂ ಮಾಡುತ್ತಾರೆ. ಬೈದು ಹೆದರಿಸಿದರೆ ಕಲಿಕೆಯ ಬಾಗಿಲು ಮುಚ್ಚುತ್ತದೆ ಎಂಬುದನ್ನು ಯಾರೂ ಉಪನ್ಯಾಸ ಕೊಟ್ಟು ಹೇಳಬೇಕಾಗಲಿಲ್ಲ. ಒಂದು ದಿನ ಬಸ್ಸಿನ ಮಧ್ಯೆ ಎಬ್ಬಿಸಿ ನಿಲ್ಲಿಸಿ ಗದರಿಸಿದಾಗ, ವಿದ್ಯಾರ್ಥಿಯಾಗಿ ಕೂತಿದ್ದ ಮೇಷ್ಟ್ರೊಬ್ಬರಿಗೆ ತಮ್ಮ ಊರಿನ ಪಿನ್‌ಕೋಡೇ ಮರೆತುಹೋಯಿತು.

ಮೊದಮೊದಲು ದೊಡ್ಡಬೀರಪ್ಪ ಮೂಗು ಮುರಿದಿದ್ದರು. "ಬಸ್ಸನ್ನ ಇಸ್ಕೂಲ್ ಮಾಡ್ಬುಟ್ರೆ ನಾನು ಟಿಕೇಟ್ ಹರಿಯೋದೋ, ಹಾಜರಿ ಕೂಗೋದೋ?" ಎಂದು ಜಗಳಕ್ಕೇ ನಿಂತಿದ್ದರು. ಈಗ ಪಾಠ ನಡೆಯುವಾಗ ಪೀಪಿ ಊದಲೂ ಹಿಂದೆ ಮುಂದೆ ನೋಡುತ್ತಾರೆ. ಅಜ್ಜಂಪುರಕ್ಕೆ ಸೊಪ್ಪು ಮಾರಲು ಹೋಗುವ ಹಾಲಮ್ಮನಂತೂ, "ನಂಗೂ ಒಂದು ಕೇಳ್ರವ್ವ, ಬರೀ ಅವರ್ನೇ ಕೇಳ್ತೀರಿ" ಎಂದು ದಬಾಯಿಸಿ ಜಾಗ ಗಿಟ್ಟಿಸಿಕೊಂಡಿದ್ದಾರೆ.

ಬದಲಾವಣೆ ಆಯಿತೇ? ಕೇಳಬೇಕಾದವರು ಸಿದ್ದಲಿಂಗೇಶ್. ಬುಕ್ಕಾಂಬುಧಿಯ ಹತ್ತಿರದ ಪುಟ್ಟ ಶಾಲೆಯೊಂದರಲ್ಲಿ ಐದನೇ ತರಗತಿಯ ಮೇಷ್ಟ್ರು. ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದರು. "ಆಯ್ತು ಸಾ..." ಎಂದು ಇಡೀ ತರಗತಿ ರಾಗ ಎಳೆಯುತ್ತಿತ್ತು. ಪರೀಕ್ಷೆಯಲ್ಲಿ ನೋಡಿದರೆ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಬೇಜಾರು ಹತ್ತಿ ಪೊಲೀಸ್ ಪರೀಕ್ಷೆಗೆ ಅರ್ಜಿ ಹಾಕುವ ಯೋಚನೆಯಲ್ಲಿದ್ದರು. ಸುಮನಾ ಈ ಎಳೆಯ ಮೇಷ್ಟ್ರಿಗೆ ಹೇಳಿದ್ದು ಒಂದೇ. ಇನ್ನು ಮೇಲೆ ಆ ಪ್ರಶ್ನೆ ಕೇಳಬೇಡ, ಪುಸ್ತಕ ಮುಚ್ಚಿಸಿ, ನನಗೇ ಹೇಳಿಕೊಡಿ ಅಂತ ಮಕ್ಕಳಿಗೆ ಹೇಳು, ಆಮೇಲೆ ಸುಮ್ಮನೆ ಕಾಯಿ.

"ಕಾಯೋದೇ ಕಷ್ಟ ಸಾರ್, ಬಾಯಿ ನವೆಯಾಗ್ತದೆ," ಎನ್ನುತ್ತಾರೆ ಸಿದ್ದಲಿಂಗೇಶ್. "ನೀರು ಆವಿಯಾಗೋ ಪಾಠ ಮಾಡ್ತಿದ್ದೆ. ಯಾರೂ ಉಸಿರೆತ್ತಲಿಲ್ಲ. ನಾನೂ ಹಟ ಹಿಡಿದು ಕಾದೆ. ಕೊನೆಗೆ ಒಂದು ಹುಡುಗಿ ಎದ್ದು, 'ಸಾ, ನಮ್ಮವ್ವ ಒಗೆದ ಸೀರೆ ಬೇಗ ಒಣಗ್ತದೆ, ಕಂಬ್ಳಿ ಮೂರು ದಿನ ಆದ್ರೂ ಒಣಗಲ್ಲ, ಯಾಕ್ ಸಾ?' ಅಂದ್ಲು. ನಂಗೆ ಮೈ ಜುಂ ಅಂತು. ಪೊಲೀಸು ಗಿಲೀಸು ಅವತ್ತೇ ಬಿಟ್ಟೆ."

ಹಾಗೆಂದು ಎಲ್ಲರೂ ಒಲಿಯಲಿಲ್ಲ. ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರದು ಡ್ರೈವರ್ ಪಕ್ಕದ ಸೀಟು, ಕೈಯಲ್ಲಿ ಅಗಲಿಸಿದ ಪೇಪರು. ಸುಮನಾ ಕೆಲಸಕ್ಕೆ ಸೇರಿದಾಗ ಮೊದಲ ಹೆಡ್‌ಮಾಸ್ಟರ್ ಅವರೇ. ಈ ಬಸ್ಸಿನ ಅರ್ಧ ಮೇಷ್ಟ್ರುಗಳಿಗೆ ಅವರ ಮಾತೆಂದರೆ ಗೌರವ, ಇನ್ನರ್ಧಕ್ಕೆ ಭಯ. ನಾಲ್ಕು ವರ್ಷದಲ್ಲಿ ಅವರು ಒಂದು ಸಲವೂ ಹಿಂದೆ ತಿರುಗಿ ಕೂತವರಲ್ಲ.

"ಮೆದುಳು ಗಿದುಳು ಅಂತ ಏನಮ್ಮಾ ಹೊಸ ಹೆಸರು ಇಡ್ತೀಯ? ನಾವು ಮಗ್ಗಿ ಬಾಯಿಪಾಠ ಮಾಡಿಸಿದ ಹುಡುಗ್ರು ಉದ್ಧಾರ ಆಗಿಲ್ವಾ?" ಎಂದು ಒಮ್ಮೆ ಪೇಪರಿನ ಹಿಂದಿನಿಂದಲೇ ಕೇಳಿದ್ದರು.

"ಆಗಿದಾರೆ ಸಾರ್, ನಾನೇನು ಬಾಯಿಪಾಠ ಬ್ಯಾಡ ಅಂದ್ನಾ? ಪುಸ್ತಕ ನೋಡ್ದೆ ಹೇಳ್ಸೋದೇ ದೊಡ್ಡ ಕಸರತ್ತು. ಬರೀ ಮೇಲಿಂದ ಕೆಳಕ್ಕೆ ಹೇಳಿಸ್ಬೇಡಿ, ಮಧ್ಯೆ ಮಧ್ಯೆ ಕೇಳಿ ಅಂತೀನಿ ಅಷ್ಟೇ," ಎಂದಿದ್ದರು ಸುಮನಾ. ಪೇಪರಿನ ಪುಟ ತಿರುಗಿತು.

ಇನ್ನು ಇವತ್ತಿನ ಮುಸುಕಿನ ವಿಷಯ. ಈ ಮೇ ತಿಂಗಳಿಗೆ ಸುಮನಾ ಅವರ ಅವಧಿ ಮುಗಿಯುತ್ತದೆ. ಯಗಟಿಯ ಹತ್ತಿರದ್ದೇ ಒಂದು ಶಾಲೆಗೆ ಹೋಗುತ್ತಾರೆ, ನಡೆದೇ ತಲುಪಬಹುದು. ಗಂಡ ರುದ್ರಮೂರ್ತಿಗೆ ಖುಷಿ. "ಇನ್ನು ನಿನ್ನ ಕೈ ತಿಂಡಿ ಬಿಸಿಬಿಸಿ ಸಿಗ್ತದೆ" ಎಂದು ಈಗಲೇ ಕನಸು ಕಾಣುತ್ತಿದ್ದಾರೆ. ಸುಮನಾಗೆ ಮಾತ್ರ ಒಂದು ಚಿಂತೆ ಹೊಕ್ಕು ಕೂತಿದೆ. ತಾನು ಬಸ್ಸು ಬಿಟ್ಟ ದಿನವೇ ಈ ಪಾಠವೂ ಇಳಿದುಹೋಗುತ್ತದೆಯೇ? ತರೀಕೆರೆಯ ತರಬೇತಿಗೆ ಆದ ಗತಿಯೇ ಇದಕ್ಕೂ ಆದರೆ ಈ ನಾಲ್ಕು ವರ್ಷ ಏನಾದಂತಾಯಿತು?

"ಮಕ್ಕಳಿಗೆ ಪಾಠ ನಿಂತಿದೆಯಾ ಅಂತ ಅವತ್ತೇ ಕೇಳಿದ್ರೆ ಗೊತ್ತಾಗಲ್ಲ, ಗ್ಯಾಪ್ ಬಿಟ್ಟು ಕೇಳ್ಬೇಕು ಅಂತ ಊರಿಗೆಲ್ಲ ಹೇಳ್ತೀನಲ್ಲ, ನಂಗೂ ಅದೇ ಪರೀಕ್ಷೆ," ಎನ್ನುತ್ತಾರೆ. ಎರಡು ವಾರ ಅವರು ಈ ಬಸ್ಸು ಹತ್ತಲಿಲ್ಲ. ರುದ್ರಮೂರ್ತಿಯ ಬೈಕಿನಲ್ಲಿ ಬೀರೂರಿಗೆ ಬಂದು, ರೈಲು ಹಿಡಿದು ಅಜ್ಜಂಪುರಕ್ಕೆ ಹೋದರು. ಕಾರಣ ಯಾರಿಗೂ ಹೇಳಲಿಲ್ಲ.

ಮೊದಲ ದಿನವೇ ದೊಡ್ಡಬೀರಪ್ಪನವರ ಫೋನು ಬಂತು. "ಮೇಡಮ್ಮೋರೆ, ಎಲ್ಲಾ ಮೊಬೈಲ್ ತಿಕ್ಕಂಡು ಕುಂತವ್ರೆ." ಎರಡನೇ ದಿನವೂ ಅದೇ ವರದಿ, ಮೂರನೇ ದಿನವೂ ಅದೇ. ಸುಮನಾ ಅವತ್ತು ರಾಗಿಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಫೋನೇ ನಿಂತುಹೋಯಿತು. ಇವರೇ ಮಾಡಿದರೆ ಆ ಮನುಷ್ಯ, "ನಾನೇನೂ ಹೇಳಾಕಿಲ್ಲ, ಬಂದು ನೋಡ್ಕಳಿ" ಎಂದು ಇಟ್ಟುಬಿಟ್ಟರು.

ಕಡೂರು ಬರುತ್ತದೆ. ಮೇಷ್ಟ್ರುಗಳು ಹತ್ತುತ್ತಾರೆ, ಸಿದ್ದಲಿಂಗೇಶ್ ಹತ್ತುತ್ತಾರೆ, ಮಲ್ಲಿಕಾರ್ಜುನಯ್ಯ ಡ್ರೈವರ್ ಪಕ್ಕದಲ್ಲಿ ಕೂತು ಪೇಪರು ಬಿಚ್ಚುತ್ತಾರೆ. ಬೀರೂರಿನಲ್ಲಿ ಸೊಪ್ಪಿನ ಬುಟ್ಟಿಯ ಸಮೇತ ಹಾಲಮ್ಮ. ಕೊನೆಯ ಸೀಟಿನ ಮುಸುಕನ್ನು ಯಾರೂ ಗಮನಿಸುವುದಿಲ್ಲ. ಬೀರೂರು ದಾಟುತ್ತದೆ. ಒಂದೊಂದೇ ಫೋನು ಹೊರಗೆ ಬರುತ್ತದೆ, ಒಂದೊಂದೇ ತಲೆ ಬಗ್ಗುತ್ತದೆ.  ಸುಮನಾ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ, ಶಾಲಿನ ತುದಿ ಕಣ್ಣಿಗೆ ಹೋಗುತ್ತದೆ.

ಆಗ ಮುಂದೆ ಪೇಪರು ಮಡಚುವ ಸದ್ದು. ಮಲ್ಲಿಕಾರ್ಜುನಯ್ಯ ಎದ್ದು, ಕಂಬಿ ಹಿಡಿದು, ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ ನಿಲ್ಲುತ್ತಾರೆ.

"ಫೋನು ಒಳಗಿಡ್ರಪ್ಪ. ಹೋದ ಗುರುವಾರ ಏನ್ ಮಾಡಿದ್ವಿ?"

ಫೋನುಗಳು ಮಾಯವಾಗುತ್ತವೆ. ಯಾರೋ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರ ಬೆರಳು ಸೀಟು ಸೀಟು ದಾಟಿ ಕೊನೆಯ ಮೂಲೆಗೆ ಬಂದು ನಿಲ್ಲುತ್ತದೆ. "ನೀವೆಲ್ಲ ದಿನಾ ಹೇಳೋರೇ. ಅಲ್ಲಿ ಮುಸುಕು ಹಾಕ್ಕೊಂಡಿರೋ ಅಮ್ಮ, ನೀವ್ ಹೇಳಿ. ಈ ಬಸ್ಸಲ್ಲಿ ಕೂತ್ಮೇಲೆ ಎಲ್ಲರೂ ಹೇಳ್ಬೇಕು."

ದೊಡ್ಡಬೀರಪ್ಪನವರಿಗೆ ಇನ್ನು ತಡೆಯಲಾಗುವುದಿಲ್ಲ, ಕಿಸಕ್ಕೆಂದು ನಗುತ್ತಾರೆ. ಸುಮನಾ ಶಾಲು ಸರಿಸುತ್ತಾರೆ. ಇಡೀ ಬಸ್ಸು "ಓಹೋ" ಎಂದು ಕೂಗುತ್ತದೆ. ಹಾಲಮ್ಮ ಬುಟ್ಟಿ ಬಿಟ್ಟು ಚಪ್ಪಾಳೆ ತಟ್ಟುತ್ತಾರೆ. ಮಲ್ಲಿಕಾರ್ಜುನಯ್ಯ ಮಾತ್ರ ನಗುವುದಿಲ್ಲ.

"ಸುಮನಾ ಆದ್ರೇನು, ಯಾರಾದ್ರೇನು. ಹೇಳಮ್ಮ."

ಬಸ್ಸು ಸುಮ್ಮನಾಗಿ ಕಾಯುತ್ತದೆ. ಯಾರೂ ಪಿಸುಗುಟ್ಟಿ ಸಹಾಯ ಮಾಡುವುದಿಲ್ಲ.

"ಗೊತ್ತಿಲ್ಲ ಸಾರ್," ಎನ್ನುತ್ತಾರೆ ಸುಮನಾ. ಮುಖದ ತುಂಬಾ ನಗು.

"ಯಾರನ್ನಾದ್ರೂ ಕೇಳ್ಕೊಂಡು ಬಾ, ನಾಳೆ ಮತ್ತೆ ಕೇಳ್ತೀನಿ," ಎಂದು ಮಲ್ಲಿಕಾರ್ಜುನಯ್ಯ ಮುಂದಿನವರ ಕಡೆ ತಿರುಗುತ್ತಾರೆ. ಮತ್ತೇನೋ ನೆನಪಾದವರಂತೆ ಕೊನೆಯ ಸಾಲಿನವರೆಗೂ ಬಂದು, ದನಿ ತಗ್ಗಿಸಿ, "ಮೂರು ದಿನ ನೋಡ್ದೆ ಕಣಮ್ಮ. ಬಸ್ಸು ಬಿಕೋ ಅಂತಿತ್ತು. ತಡೆಯಕ್ಕಾಗ್ಲಿಲ್ಲ, ನಾನೇ ಶುರು ಮಾಡ್ದೆ," ಎನ್ನುತ್ತಾರೆ.

ಅಜ್ಜಂಪುರದಲ್ಲಿ ಇಳಿದಾಗ ಬಿಸಿಲೇರಿದೆ. ಬೇರೆ ಬೇರೆ ಊರಿನ ದಾರಿ ಹಿಡಿದು ಮೇಷ್ಟ್ರುಗಳು ಚದುರುತ್ತಾರೆ. ಶಾಲು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ ಸುಮನಾ ಇವತ್ತಿನ ಮೊದಲ ಶಾಲೆಯ ಕಡೆ ಹೊರಡುತ್ತಾರೆ. ಗುರುವಾರ ಏನು ನಡೆಯಿತು, ಯಾರನ್ನಾದರೂ ಕೇಳಿದಿರಾ ಎಂದು ನಾನು ಕೇಳಿದರೆ ನಿಂತು, ಇಲ್ಲವೆಂದು ತಲೆಯಾಡಿಸುತ್ತಾರೆ.

"ಸಾಯಂಕಾಲ ಕೇಳ್ತೀನಿ ಬಿಡಿ, ಅಲ್ಲೀವರೆಗೂ ಹಿಂಗೇ ಇರ್ಲಿ," ಎನ್ನುತ್ತಾರೆ. "ನಂಗೆ ಗೊತ್ತಿಲ್ದಿರೋ ಪಾಠ ಒಂದು ಆ ಬಸ್ಸಲ್ಲಿ ನಡೆದುಹೋಗಿದೆ ಕಣ್ರೀ."