ಮೊದಲ ಪ್ರಶ್ನೆ ಕಮಲಾಕರ ಅವರದು

ಗಂಡ ಬದುಕಿರುವಾಗ ಎಗ್ಮೋರಿನ ಆ ಸಭೆಯ ಹಾಲಿಗೆ ಕೌಸಲ್ಯಾ ಒಂದು ದಿನವೂ ಕಾಲಿಟ್ಟವಳಲ್ಲ. ಅಲ್ಲಿಗೆ ಹೋಗುತ್ತಿದ್ದ ಅಂಗಿ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಳಿ ಅಂಗಿ, ಅರ್ಧ ತೋಳು. ಕಾಲರಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಶನಿವಾರ ಊಟದ ಹೊತ್ತಿಗೆ ಕುರ್ಚಿಯ ಬೆನ್ನಿಗೆ ಹಾಕಿಟ್ಟರೆ ಕಮಲಾಕರರು ತೊಟ್ಟುಕೊಂಡು ವಡಪಳನಿಯಿಂದ ಹೊರಡುತ್ತಿದ್ದರು. ಮೊದಲು ಬಸ್ಸಿನಲ್ಲಿ, ಕೊನೆಕೊನೆಗೆ ಮೆಟ್ರೋದಲ್ಲಿ.

ಅವರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಆಫೀಸಿನಲ್ಲಿ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಲಿನಲ್ಲಿ ಹಾಗಲ್ಲ. ಅಲ್ಲಿ ಕಾಲೇಜಿನವರು ಬಂದು ಯುದ್ಧದ ಮೇಲೆ, ಜಾತಿಯ ಮೇಲೆ, ಹೆಂಗಸರ ಹಕ್ಕಿನ ಮೇಲೆ ಭಾಷಣ ಮಾಡುತ್ತಿದ್ದರು. ಭಾಷಣ ಮುಗಿದ ಕೂಡಲೇ ಮೈಕು ಕಮಲಾಕರರ ಕೈಗೆ. ಮೊದಲ ಪ್ರಶ್ನೆ ಅವರದೇ. ವರ್ಷಗಟ್ಟಲೆ ಹಾಗೇ ನಡೆದು ಅದೊಂದು ಪದ್ಧತಿಯಾಗಿಬಿಟ್ಟಿತ್ತು.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೂಗುತ್ತಿದ್ದರು.

"ಕೌಸೀ, ಕಾಫಿ! ಇವತ್ತು ಏನು ಕೇಳ್ದೆ ಗೊತ್ತೇನೆ? ಮನೆಗೆಲಸಕ್ಕೂ ಸಂಬಳ ಲೆಕ್ಕ ಹಾಕ್ಬೇಕು ಅಂದ್ರು. ಯಾರು ಹಾಕ್ಬೇಕು, ಸರ್ಕಾರಾನೋ ಗಂಡಾನೋ ಅಂತ ಕೇಳ್ದೆ. ಹಾಲೆಲ್ಲ ಚಪ್ಪಾಳೆ!"

"ನೀವೇ ಹಾಕಿ ಮತ್ತೆ."

"ನಿಂದು ಬಿಡೇ. ನೀನು ಪ್ರೀತಿಯಿಂದ ಮಾಡ್ತೀಯ."

ಅವಳು ನಗುತ್ತಿದ್ದಳು. ಒಂದೆರಡು ಸಲ "ನಾನೂ ಬರ್ಲಾ?" ಎಂದು ಕೇಳಿದ್ದುಂಟು. "ಏಸಿ ಚಳಿ ಕಣೇ, ನಿನಗೆ ಮಂಡಿ ಹಿಡ್ಕೊಳ್ಳುತ್ತೆ. ಬೋರೂ ಆಗುತ್ತೆ" ಎಂದಿದ್ದರು. ಮಂಡಿಯ ಮೇಲೆ ಎಷ್ಟು ಕಾಳಜಿ ಅಂದುಕೊಂಡಿದ್ದಳು ಕೌಸಲ್ಯಾ. ಅವಳು ಓದಿದ್ದು ನಂಜನಗೂಡಿನಲ್ಲಿ ಮೂರನೇ ಕ್ಲಾಸು. ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ. ತಮಿಳು ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಇಂಗ್ಲಿಷು ಯಾವುದಕ್ಕೂ ಬರುವುದಿಲ್ಲ.

ಮಾಘದಲ್ಲಿ ಕಮಲಾಕರರು ಹೋಗಿಬಿಟ್ಟರು. ಬಚ್ಚಲಿಗೆ ಹೋದವರು ಬಾಗಿಲು ತೆಗೆಯಲಿಲ್ಲ. ಅಷ್ಟೆ. ಆಮೇಲೂ ಶನಿವಾರಗಳು ಬರುತ್ತಲೇ ಇದ್ದವು. ಅಂಗಿಗೆ ಗಂಜಿ ಹಾಕಲು ಕೈ ಹೋಗಿ ನಿಲ್ಲುತ್ತಿತ್ತು.

ಹಾಲಿನಲ್ಲಿ ಸಭೆ ನಡೆಸುವ ವಾಸಂತಿ ಎಂಬ ಪ್ರೊಫೆಸರಮ್ಮ ಫೋನು ಮಾಡಿದ್ದು ಮಗಳು ಸುಮತಿಗೆ. ಕಮಲಾಕರ ಸಾರ್ ನೆನಪಿಗೆ ಒಂದು ಭಾಷಣ ಇಟ್ಟಿದ್ದೇವೆ, ಹೆಣ್ಣುಮಕ್ಕಳ ಓದಿನ ಮೇಲೆ, ಅಮ್ಮನನ್ನು ಕರೆದುಕೊಂಡು ಬನ್ನಿ, ಒಂದು ಫೋಟೋ ತನ್ನಿ ಎಂದರಂತೆ. ಸುಮತಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ನೀ ವರವೇಣಾಂ ಮ್ಮಾ, ಬರಬೇಡ, ನಾನೊಬ್ಬಳೇ ಹೋಗಿಬರ್ತೀನಿ" ಎಂದಳು. ವರ್ಷ ತುಂಬಿಲ್ಲ ಅಂತಲೂ ನೆಪ ಹೇಳಿದಳು. ಶಾಸ್ತ್ರ ಸಂಪ್ರದಾಯ ಅಂದರೆ ಮೂಗು ಮುರಿಯುವ ಹುಡುಗಿ!

"ಅವರ ಹೆಸರಲ್ಲಿ ನಡೆಯೋದಕ್ಕೆ ನಾನಿಲ್ದೆ ಹ್ಯಾಗೆ?" ಎಂದು ಕೌಸಲ್ಯಾ ಹೊರಟೇಬಿಟ್ಟಳು. ಗೋಡೆಯ ಮೇಲಿನ ಫೋಟೋ ಇಳಿಸಿ, ಬಟ್ಟೆಯ ಚೀಲದಲ್ಲಿಟ್ಟು, ತಾನೇ ಹಿಡಿದುಕೊಂಡಳು.

ಮಹಡಿಯ ಮೇಲಿನ ಹಾಲಿನ ಬಾಗಿಲಲ್ಲೇ ಜನ ಮುತ್ತಿಕೊಂಡರು. ವಾಸಂತಿ ಅವಳ ಎರಡೂ ಕೈ ಹಿಡಿದುಕೊಂಡರು. ಆಕೆ ಮಾತಾಡಿದ್ದು ತಮಿಳು, ಕೌಸಲ್ಯಾಗೆ ಒಂದೊಂದು ಮಾತೂ ತಿಳಿಯಿತು.

"ಕೊನೆಗೂ ನಿಮ್ಮನ್ನ ನೋಡಿದೆವು ಮೇಡಂ. ಸಾರ್ ನಿಮ್ಮ ಬಗ್ಗೆ ಹೇಳದ ಸಭೆಯೇ ಇಲ್ಲ. ಮದುವೆಯಾದ ಮೇಲೆ ಬಿ.ಎ. ಮಾಡಿದ್ದು, ಅದೂ ಇಂಗ್ಲಿಷ್ ಲಿಟರೇಚರ್! ನೀವು ಓದ್ತಾ ಕೂತರೆ ಸಾರೇ ಅಡಿಗೆ ಮಾಡ್ತಿದ್ದರಂತೆ."

ಕೌಸಲ್ಯಾ ಹಿಂದೆ ತಿರುಗಿ ನೋಡಿದಳು. ಬೇರೆ ಯಾರಿಗೋ ಹೇಳುತ್ತಿದ್ದಾರೇನೋ ಎಂದು. ಹಿಂದೆ ಗೋಡೆ ಇತ್ತು.

ಸುಮತಿಯ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತೇನೇ?" ಎಂದಳು ಕನ್ನಡದಲ್ಲಿ, ಮೆಲ್ಲಗೆ.

"ವಿಡುಮ್ಮಾ, ಬಿಟ್ಟುಬಿಡು. ಅಪ್ಪ ಯಾವಾಗಲೋ ಒಂದು ಸಲ ಅಂದ್ರು, ಹಾಗೇ ನಿಂತುಹೋಯ್ತು."

"ನೀನೂ ಅಂದಿದ್ದೀಯಾ? ಕಾಲೇಜಲ್ಲಿ, ಆಫೀಸಲ್ಲಿ?"

ಸುಮತಿ ಅಮ್ಮನ ಕೈಲಿದ್ದ ಚೀಲದಿಂದ ಫೋಟೋ ತೆಗೆಯತೊಡಗಿದಳು.

ಸ್ಟೇಜಿನ ಮೇಲೆ ಫೋಟೋ ಇಟ್ಟು ಮಲ್ಲಿಗೆ ಹಾರ ಹಾಕಿದರು. ಅದರಲ್ಲೂ ಅದೇ ಬಿಳಿ ಅಂಗಿ. ಕೌಸಲ್ಯಾಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕಮಲಾಕರರ ಕುರ್ಚಿಯಲ್ಲೇ ಕೂರಿಸಿದರು. ಏಸಿ ಏನೂ ಅಂಥ ಚಳಿ ಇರಲಿಲ್ಲ.

ಶ್ರೀಪ್ರಿಯಾ ಎಂಬ ಹುಡುಗಿ ಭಾಷಣ ಮಾಡಿದಳು. ಅರ್ಧ ತಮಿಳು, ಅರ್ಧ ಇಂಗ್ಲಿಷು. ಬಡ ಮನೆಯಲ್ಲಿ ಮೊದಲು ಸ್ಕೂಲು ಬಿಡಿಸುವುದು ಹುಡುಗಿಯನ್ನೇ, ಆಮೇಲೆ ಓದಿಲ್ಲ ಎಂದು ಹಂಗಿಸುವುದೂ ಆ ಹುಡುಗಿಯನ್ನೇ ಎಂದಳು. ಒಳ್ಳೆಯ ಹುಡುಗಿ, ಹೇಳಿದ್ದೂ ಸರಿಯೇ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಎಲ್ಲ ಮನೆಯೂ ಹಾಗಲ್ಲ. ಕಮಲಾಕರ ಸಾರ್ ಮನೆಯನ್ನು ನೋಡಿ" ಎಂದು ಮುಂದಿನ ಸಾಲಿಗೆ ಕೈ ತೋರಿಸಿದಳು.

ಇಡೀ ಹಾಲು ಕೌಸಲ್ಯಾಳನ್ನು ನೋಡಿತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ. ಕಮಲಾಕರರು ಇಷ್ಟು ವರ್ಷ ಮಾತಿನಲ್ಲೇ ಇಲ್ಲಿಗೆ ಕರೆತಂದದ್ದು ಬೇರೆ ಯಾರನ್ನೋ. ಆ ಬಿ.ಎ. ಓದಿದವಳು ಅವರ ಪಕ್ಕದಲ್ಲಿ ಕೂರುತ್ತಿದ್ದಳು, ಮನೆಯಲ್ಲಿ ಇವಳು ದೋಸೆ ಹಿಟ್ಟು ರುಬ್ಬುತ್ತಿದ್ದಳು. ಮಂಡಿ ನೋವಲ್ಲ, ಚಳಿಯಲ್ಲ. ನಾಚಿಕೆ. ಅವರಿಗೆ ಇವಳ ಬಗ್ಗೆ ನಾಚಿಕೆ.

ಭಾಷಣ ಮುಗಿಯಿತು. ವಾಸಂತಿ ಎದ್ದು, "ಮೊದಲ ಪ್ರಶ್ನೆ ಯಾವತ್ತೂ ಕಮಲಾಕರ ಅವರದು. ಇವತ್ತು ಅವರ ಪರವಾಗಿ ಮೇಡಂ ಕೇಳ್ತಾರೆ" ಎಂದು ಮೈಕು ತಂದು ಕೈಗಿಟ್ಟರು.

ಬೇಡ ಎಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಗಂಡ ಸತ್ತವಳು, ದುಃಖದಲ್ಲಿದ್ದಾಳೆ ಅನ್ನುತ್ತಿದ್ದರು. ಆದರೆ ಕೌಸಲ್ಯಾ ಎದ್ದು ನಿಂತು ಕನ್ನಡದಲ್ಲಿ ಹೇಳಿದಳು.

"ನಾನು ಬಿ.ಎ. ಅಲ್ಲ. ಮೂರನೇ ಕ್ಲಾಸು. ಅವರು ನಿಮಗೆಲ್ಲ ಸುಳ್ಳು ಹೇಳಿದ್ದಾರೆ. ಅಡಿಗೆ ಮಾಡೋದಿರ್ಲಿ, ನೀರೂ ತಾವಾಗಿ ತಗೊಂಡವರಲ್ಲ. ಕೆಟ್ಟವರಲ್ಲ. ನನಗೆ ಜ್ವರ ಬಂದ್ರೆ ರಾತ್ರಿಯೆಲ್ಲ ಕೂತಿರೋರು. ಆದ್ರೆ ನನ್ನನ್ನ ಹೊರಗೆ ತೋರಿಸ್ಕೊಳ್ಳೋಕೆ ಅವರಿಗೆ ನಾಚಿಕೆ ಆಯ್ತು. ನನ್ನ ಬಗ್ಗೆ ನಾಚಿಕೆಪಟ್ಟೋರಿಗಾಗಿ ನಾನು ಹ್ಯಾಗೆ ಅಳಲಿ? ಇದೇ ನನ್ನ ಪ್ರಶ್ನೆ."

ಸುಮತಿಯನ್ನು ಬಿಟ್ಟರೆ ಅಲ್ಲಿ ಯಾರಿಗೂ ಕನ್ನಡ ಬರದು. ಒಬ್ಬರಿಗೂ ಒಂದು ಮಾತೂ ತಿಳಿದಿರಲಿಲ್ಲ. ಧ್ವನಿ ನಡುಗಿದ್ದು ಮಾತ್ರ ಕೇಳಿತ್ತು. ಕೆಲವರು ಕಣ್ಣು ಒರೆಸಿಕೊಂಡರು.

"ಸುಮತಿ, ಅಮ್ಮ ಕೇಳಿದ್ದನ್ನ ನಮಗೂ ಹೇಳಮ್ಮಾ" ಎಂದರು ವಾಸಂತಿ.

ಸುಮತಿ ಮೈಕು ತೆಗೆದುಕೊಂಡಳು. ಒಮ್ಮೆ ಫೋಟೋ ಕಡೆ ನೋಡಿದಳು, ಒಮ್ಮೆ ಅಮ್ಮನ ಕಡೆ. ಆಮೇಲೆ ನೆಲ ನೋಡಿಕೊಂಡು ಒಳ್ಳೆಯ ತಮಿಳಿನಲ್ಲಿ ಹೇಳಿದಳು: "ನನ್ನ ಓದಿಗೆ ಅವರು ಆಸರೆಯಾದರು. ಅಂಥ ಆಸರೆ ಎಲ್ಲ ಹೆಣ್ಣುಮಕ್ಕಳಿಗೂ ಸಿಗುವುದು ಹೇಗೆ? ಅಮ್ಮ ಕೇಳಿದ್ದು ಇದು."

ಚಪ್ಪಾಳೆಯೋ ಚಪ್ಪಾಳೆ. ಶ್ರೀಪ್ರಿಯಾ ಕೈ ಮುಗಿದು, ಬಹಳ ಒಳ್ಳೆಯ ಪ್ರಶ್ನೆ ಎಂದು ಅದಕ್ಕೆ ಉತ್ತರ ಹೇಳತೊಡಗಿದಳು. ಕೌಸಲ್ಯಾ ಕೂತಳು. ಮಗಳು ಇನ್ನೂ ನೆಲದಿಂದ ಕಣ್ಣೆತ್ತಿರಲಿಲ್ಲ. ಬಯ್ಯಲೂ ಮನಸ್ಸು ಬರಲಿಲ್ಲ.

ಕೆಳಗೆ ಕಾಫಿ ಕೊಡುತ್ತಿದ್ದರು. ನಲವತ್ತು ದಾಟಿದ ಒಬ್ಬ ಹೆಂಗಸು ಲೋಟ ಹಿಡಿದುಕೊಂಡೇ ಹತ್ತಿರ ಬಂದಳು. ಹೆಸರು ಮಲರ್‌ಕೊಡಿ, ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಕೆಲಸ ಎಂದಳು.

"ಅಕ್ಕಾ, ಸಾರ್ ನಿಮ್ಮ ಕತೆ ಹೇಳಿದ್ದು ಕೇಳಿಯೇ ನಾನೂ ಬಿ.ಎ.ಗೆ ಕಟ್ಟಿದೆ. ಇಂಗ್ಲಿಷಲ್ಲಿ ಎರಡು ಸಲ ಫೇಲು. ಮನೆಯಲ್ಲಿ ಆಡಿಕೊಳ್ತಾರೆ. ನೀವು ಸೌದೆ ಒಲೆ ಮುಂದೆ ಕೂತು ಓದಿ ಒಂದೇ ಸಲಕ್ಕೆ ಪಾಸಾದ್ರಂತೆ. ನಾನು ಗ್ಯಾಸ್ ಇಟ್ಕೊಂಡೂ ಪಾಸಾಗ್ಲಿಲ್ಲ." ನಗಲು ನೋಡಿದಳು, ಆಗಲಿಲ್ಲ. "ನನ್ನ ತಲೇಲಿ ಏನೂ ಇಲ್ಲ ಅನ್ಸುತ್ತೆ ಅಕ್ಕಾ. ಬಿಟ್ಟುಬಿಡ್ಲಾ?"

ಸೌದೆ ಒಲೆ! ಮದುವೆಯಾಗಿ ಬಂದ ದಿನದಿಂದ ಅವರ ಮನೆಯಲ್ಲಿದ್ದದ್ದು ಗ್ಯಾಸು.

ಸುಮತಿ ಅಮ್ಮನ ತೋಳು ಹಿಡಿದಳು. "ವಾಮ್ಮಾ, ಲೇಟಾಗುತ್ತೆ."

ಕೌಸಲ್ಯಾ ತೋಳು ಬಿಡಿಸಿಕೊಂಡಳು. ಅವಳಿಗೆ ಬರುವುದು ಸಂತೆಯ ತಮಿಳು, ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ತಮಿಳು. ಅದರಲ್ಲೇ ಹೇಳಿದಳು.

"ಬಿಡಬೇಡ ತಾಯಿ. ನಾನು ಪಾಸಾಗಿಲ್ಲ. ಓದೇ ಇಲ್ಲ. ಮೂರನೇ ಕ್ಲಾಸು. ಸಾರ್ ಹೇಳಿದ್ದು ಸುಳ್ಳು."

ಮಲರ್‌ಕೊಡಿ ಸುಮತಿಯನ್ನು ನೋಡಿದಳು. ಸುಮತಿ ಬೇರೆ ಕಡೆ ನೋಡುತ್ತಿದ್ದಳು.

"ಮತ್ತೆ ಮೇಲೆ ಮೈಕಲ್ಲಿ ಅಷ್ಟು ಹೇಳಿದ್ರಲ್ಲಾ?"

"ಇದೇ ಹೇಳಿದೆ."

"ತಮಿಳು ಇಷ್ಟು ಬರುತ್ತೆ. ಕನ್ನಡದಲ್ಲಿ ಯಾಕೆ ಹೇಳಿದ್ರಿ?"

ಈ ಮಾತು ಕೌಸಲ್ಯಾಳ ಮುಖಕ್ಕೆ ಹೊಡೆದಂತಾಯಿತು. ಮಗಳು ಮಾತು ತಿರುಗಿಸಿದಳು ಎಂದು ನೊಂದಿದ್ದಳಲ್ಲ, ತಾನು ಮಾಡಿದ್ದೇನು? ಹೇಳಿದ ಹಾಗೂ ಆಗಬೇಕು, ಯಾರಿಗೂ ಕೇಳಲೂಬಾರದು.

"ಯಾರಿಗೂ ತಿಳೀಬಾರ್ದು ಅಂತ" ಎಂದಳು.

ಮಲರ್‌ಕೊಡಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ನಿಮ್ಮನ್ನ ನೆನೆಸ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ?" ಎಂದಳು. ಅವಳ ಕಣ್ಣಲ್ಲಿ ಕೋಪವಿತ್ತು. ಗೇಟು ದಾಟಿ ಹೋದಳು. ಅವಳಿಗೆ ಕೋಪ ಬಂದದ್ದು ಸರಿಯೇ.

ಕೌಸಲ್ಯಾ ಮೆಟ್ಟಿಲಿಗೆ ಕಾಲಿಟ್ಟಳು. "ಎಂಗಮ್ಮಾ ಪೋರೆ?" ಎಲ್ಲಿಗೆ ಹೊರಟೆ ಎಂದು ಸುಮತಿ ಕೂಗಿದ್ದು ಕೇಳಿಸಿತು. ಮಂಡಿ ನಿಜಕ್ಕೂ ನೋಯುತ್ತಿತ್ತು.

ಹಾಲಿನಲ್ಲಿ ವಾಸಂತಿ ಒಬ್ಬರೇ ಫೋಟೋದ ಹಾರ ತೆಗೆಯುತ್ತಿದ್ದರು. ಕೌಸಲ್ಯಾ ಹೆಗಲಿನ ಶಾಲು ತೆಗೆದು, ಮಡಿಸಿ, ಅವರ ಕೈಗಿಟ್ಟಳು.

"ಇದು ಬಿ.ಎ. ಓದಿದವಳಿಗೆ ಹೊದಿಸಿದ್ದು. ಆಕೆ ಬಂದಿಲ್ಲ. ನಾನು ಓದಿಲ್ಲಮ್ಮಾ. ಮಗಳು ಹೇಳಿದ್ದು ನನ್ನ ಪ್ರಶ್ನೆ ಅಲ್ಲ" ಎಂದಳು ತಮಿಳಿನಲ್ಲಿ, ಒಂದೇ ಉಸಿರಿಗೆ.

ವಾಸಂತಿ ಫೋಟೋ ನೋಡಿದರು, ಅವಳನ್ನು ನೋಡಿದರು. ಶಾಲನ್ನು ಹಿಂದಕ್ಕೆ ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ.

ಕೌಸಲ್ಯಾ ಫೋಟೋ ತೆಗೆದುಕೊಂಡಳು. ಮುಖವನ್ನು ತನ್ನ ಕಡೆ ತಿರುಗಿಸಿ ಎದೆಗೆ ಒತ್ತಿ ಹಿಡಿದು ಇಳಿದಳು. ಕೆಳಗೆ ಇನ್ನೂ ಜನ ಕಾಫಿ ಕುಡಿಯುತ್ತಿದ್ದರು. ನಾಳೆ ಹೊತ್ತಿಗೆ ಅವರಿಗೆಲ್ಲ ಗೊತ್ತಾಗುತ್ತದೆ. ಅವರೆದುರು ಕಮಲಾಕರರಿಗೆ ಮುಖ ಎತ್ತಲು ಆಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಮೆಟ್ಟಿಲ ಬುಡದಲ್ಲಿ ಸುಮತಿ ಬಟ್ಟೆಯ ಚೀಲದ ಬಾಯಿ ತೆರೆದು ಹಿಡಿದು ಕಾಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಅದರಲ್ಲಿ ಬೇಡ" ಎಂದಳು ಕೌಸಲ್ಯಾ. "ನಾನೇ ಹಿಡ್ಕೋತೀನಿ."