ದನದಾಸ್ಪತ್ರೆಯ ಬಾಯಿಬಿಡದ ಬೀರಪ್ಪ

ಭದ್ರಾವತಿ ರಸ್ತೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕಬ್ಬಿನ ಗಾಡಿಗಳು ಮಾತ್ರ ಆಗಲೇ ಹೊರಟಿವೆ. ಮಲವಗೊಪ್ಪದ ದನದ ಆಸ್ಪತ್ರೆಯ ಅಂಗಳದಲ್ಲಿ, ದನಗಳನ್ನು ನಿಲ್ಲಿಸಿ ಕಟ್ಟುವ ಮರದ ಚೌಕಟ್ಟಿನೊಳಗೆ, ಒಂದು ಎತ್ತು ನಿಂತಿದೆ. ಅದರ ಬಣ್ಣ ಯಾವುದು, ಕೊಂಬು ಹೇಗಿದೆ ಎಂದು ನಾನು ಬರೆಯುವಂತಿಲ್ಲ. ಕಾಂಪೌಂಡರ್ ಬೀರಪ್ಪನವರು ಬಿದಿರಿನ ಗೊಟ್ಟಕ್ಕೆ ಔಷಧ ತುಂಬುತ್ತಲೇ ನನ್ನ ಪೆನ್ನನ್ನು ಕಂಡು ಹೇಳಿಬಿಟ್ಟಿದ್ದಾರೆ: "ಬಣ್ಣ ಬರ್ಕೋಬೇಡಿ ಸ್ವಾಮಿ. ಬಣ್ಣ ಬರೆದ್ರೆ ಇದು ಯಾರ ಎತ್ತು ಅಂತ ಸಂತೇಲಿ ಎಲ್ರಿಗೂ ಗೊತ್ತಾಗುತ್ತೆ."

ಎತ್ತಿಗೆ ಔಷಧ ಬೇಡ. ತಲೆ ಕೊಡವುತ್ತದೆ, ಬುಸುಗುಡುತ್ತದೆ, ಬೀರಪ್ಪನವರ ಅಂಗಿಯ ಮೇಲೆಲ್ಲ ಜೊಲ್ಲು ಚೆಲ್ಲುತ್ತದೆ. ಅವರು ಬೈಯುವುದಿಲ್ಲ. ಅದರ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಾ, "ಆಯ್ತು ನಮ್ಮಪ್ಪ, ಆಯ್ತು, ಇನ್ನೊಂದೇ ಗುಟುಕು" ಎಂದು ಮಗುವಿಗೆ ಹೇಳಿದಂತೆ ಹೇಳುತ್ತಾ, ಬಾಯಿಯ ಪಕ್ಕದಿಂದ ಗೊಟ್ಟ ತೂರಿಸಿ ಒಂದೂ ಹನಿ ಹೊರಗೆ ಬೀಳದಂತೆ ಸುರಿದುಬಿಡುತ್ತಾರೆ. ಗಾಡಿಯವನು ಎತ್ತು ಬಿಚ್ಚಿಕೊಂಡು ಹೊರಟ ಮೇಲೆ ನಾನು ಮೆಲ್ಲಗೆ ಕೇಳುತ್ತೇನೆ, ಏನಾಗಿತ್ತು ಅದಕ್ಕೆ ಎಂದು.

"ದನ ತೋರ್ಸೋಕೆ ಬಂದಿದ್ರು."

"ಅದು ನನಗೂ ಕಾಣಿಸಿತಲ್ಲ ಬೀರಪ್ಪನವರೇ!"

"ಕಾಣಿಸ್ತಲ್ಲ, ಮತ್ತೇನು?" ಎನ್ನುತ್ತಾ ಅವರು ಗೊಟ್ಟ ತೊಳೆಯಲು ನಲ್ಲಿಯತ್ತ ನಡೆಯುತ್ತಾರೆ.

ಓದುಗರೇ, ಇಂಥ ಮನುಷ್ಯನ ಬಗ್ಗೆ ಭಾನುವಾರದ ಪುರವಣಿಗೆ ಬರೆಯಲು ಒಪ್ಪಿಕೊಂಡದ್ದು ನನ್ನ ಹಣೆಬರಹ. ಮಾತನ್ನೇ ನಂಬಿ ಹೊಟ್ಟೆ ಹೊರೆಯುವವನು ನಾನು. ಮಾತಾಡದೇ ಹೆಸರು ಉಳಿಸಿಕೊಂಡವರು ಅವರು. ಆದ್ದರಿಂದ ಇಲ್ಲಿರುವ ಬೇರೆಯವರ ಕಥೆಗಳಲ್ಲಿ ಒಂದೂ ಬೀರಪ್ಪನವರು ಹೇಳಿದ್ದಲ್ಲ. ಯಾರ ಗುಟ್ಟನ್ನು ಅವರು ಕಾಯ್ದರೋ ಅವರು, ಇಲ್ಲವೇ ಬೀರಪ್ಪನವರ ಮನೆಯವರು ತಾವಾಗಿ ಹೇಳಿದ್ದು.

ಬೀರಪ್ಪನವರದು ಕುರಿ ಸಾಕುವ ಮನೆತನ. ಹುಡುಗನಾಗಿದ್ದಾಗ ಒಂದು ಮಳೆಗಾಲದಲ್ಲಿ ರೋಗ ತಗುಲಿ ಮಂದೆಗೆ ಮಂದೆಯೇ ಹೋಯಿತು. "ಅಪ್ಪ ಸತ್ತ ಕುರಿ ಲೆಕ್ಕ ಹಾಕ್ಲಿಲ್ಲ, ಉಳಿದದ್ದನ್ನ ಲೆಕ್ಕ ಹಾಕಿದ, ಅದೇ ಸುಲಭವಾಗಿತ್ತು" ಎನ್ನುತ್ತಾರೆ. ರಾಜ್ಯ ಏಕೀಕರಣವಾದ ವರ್ಷ ಈ ಆಸ್ಪತ್ರೆಯಲ್ಲಿ ಸಗಣಿ ಬಾಚುವ ಕೆಲಸಕ್ಕೆ ಸೇರಿದರು. ಗಾಯ ತೊಳೆಯುವುದು ಕಲಿತರು, ಆಮೇಲೆ ತರಬೇತಿ ಮುಗಿಸಿ ಕಾಂಪೌಂಡರ್ ಆದರು. ಒಮ್ಮೆ ಎಮ್ಮೆಯೊಂದು ಒದ್ದ ಏಟಿಗೆ ಎಡಮಂಡಿ ಸರಿಯಾಗಿ ಮಡಚುವುದಿಲ್ಲ. ಯಾರ ಎಮ್ಮೆ ಎಂದು ಕೇಳಿದೆ. ಅದನ್ನೂ ಹೇಳಲಿಲ್ಲ!

ದಿನಕ್ಕೆ ಹತ್ತಿಪ್ಪತ್ತು ದನ, ನಾಲ್ಕಾರು ಆಡು, ಅಪರೂಪಕ್ಕೊಂದು ನಾಯಿ. ಸುಗ್ಗಿಯಲ್ಲಿ ಹೆಗಲು ಹುಣ್ಣಾದ ಗಾಡಿ ಎತ್ತುಗಳದೇ ಸಾಲು. ಶಿವಮೊಗ್ಗದ ಕಡೆಯಿಂದ ಬರುವವರದು ಕನ್ನಡ, ಭದ್ರಾವತಿಯ ಕಾರ್ಖಾನೆ ಲೈನುಗಳಿಂದ ಬರುವವರದು ತಮಿಳು, ತೆಲುಗು. ಬೀರಪ್ಪನವರು ಮೂರೂ ಭಾಷೆಯಲ್ಲಿ ದನಗಳ ಜೊತೆ ಮಾತಾಡುತ್ತಾರೆ, ಮೂರೂ ಭಾಷೆಯಲ್ಲಿ ಜನರ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಾರೆ.

ದನದ ಸಂತೆಯ ಹಿಂದಿನ ದಿನ ಇಲ್ಲಿಗೆ ಬರುವವರಲ್ಲಿ ಅರ್ಧ ಜನ ದನ ಹೊಡೆದುಕೊಂಡು ಬರುವುದೇ ಇಲ್ಲ. ಬರಿಗೈಲಿ ಬರುತ್ತಾರೆ. ನಾಳೆ ಕೊಳ್ಳಬೇಕೆಂದಿರುವ ಎತ್ತಿನ ಜಾತಕ ಅವರಿಗೆ ಬೇಕು. ಒಬ್ಬ ಬೀಡಿ ಕೊಡುತ್ತಾನೆ. ಒಬ್ಬ ಹುಂಜ ತರುತ್ತಾನೆ. ನನ್ನೆದುರೇ ಒಬ್ಬ ಮಹಾಶಯ ಬಂದು, "ಆ ಮಾಚೇನಹಳ್ಳಿಯವನ ಎತ್ತಿಗೆ ಕೊಟ್ರಲ್ಲ, ಅದೇ ಔಷಧ ನಮ್ಮ ಎತ್ತಿಗೂ ಒಂದಿಷ್ಟು ಕೊಡಿ" ಎಂದ. ಎಂಥ ಐನಾತಿ! ಔಷಧದ ಹೆಸರು ಗೊತ್ತಾದರೆ ಕಾಯಿಲೆಯ ಹೆಸರು ತಾನಾಗಿ ಗೊತ್ತಾಗುತ್ತದೆ. ಬೀರಪ್ಪನವರು ತಣ್ಣಗೆ, "ನಿಮ್ಮ ಎತ್ತು ಹೊಡ್ಕೊಂಡು ಬನ್ನಿ, ಡಾಕ್ಟರು ನೋಡ್ಲಿ" ಎಂದು ಕಳಿಸಿದರು.

ಹಾಗಾದರೆ ಕೊಳ್ಳುವವನಿಗೆ ಮೋಸವಾದರೂ ಪರವಾಗಿಲ್ಲವೇ ಎಂದು ನಾನು ಜಗಳಕ್ಕೇ ನಿಂತೆ. ಅದಕ್ಕೆ ಮಾತ್ರ ಅವರು ಪೂರ್ತಿ ಉತ್ತರ ಕೊಟ್ಟರು. "ಮೋಸ ಯಾಕಾಗುತ್ತೆ ಸ್ವಾಮಿ? ಕೊಡೋನು, ಕೊಳ್ಳೋನು ಇಬ್ರೂ ಒಟ್ಟಿಗೆ ದನ ಹೊಡ್ಕೊಂಡು ಬರ್ಲಿ. ಡಾಕ್ಟರು ಇಬ್ರ ಮುಂದೇನೇ ನೋಡಿ ಹೇಳ್ತಾರೆ. ಕಾಲುಬಾಯಿ ರೋಗದಂಥ ಹರಡೋದು ಬಂತು ಅನ್ನಿ, ಅವತ್ತೇ ತಮಟೆ ಹೊಡೆಸ್ತೀವಿ, ಯಾರ ಮುಖಾನೂ ನೋಡಲ್ಲ. ಹರಡೋದು ಊರಿನ ವಿಷ್ಯ. ಹರಡದೇ ಇರೋದು ದನದ ಯಜಮಾನಂದು. ಸಂತೇಲಿ ಬೆಲೇನೇ ಟವೆಲ್ ಕೆಳಗೆ ಬೆರಳು ಹಿಡಿದು ಹೇಳ್ತಾರೆ, ಕಾಯಿಲೇನ ನಾನು ಬೀದೀಲಿ ಕೂಗ್ಲಾ?"

ಗುಟ್ಟು ಎಂದರೆ ರೋಗದ್ದೇ ಆಗಬೇಕೆಂದಿಲ್ಲ. ರವೀಂದ್ರನಗರದ ಚಂದ್ರಶೇಖರಪ್ಪನವರು ಅಡಿಕೆ ಮಂಡಿ ಇಟ್ಟವರು. ಅವರು ಕೆಮ್ಮಿದರೆ ಹಮಾಲಿಗಳು ಬೀಡಿ ಎಸೆಯುತ್ತಾರೆ, ಅಂಥ ಆಸಾಮಿ. ಅವರ ಮುದಿ ನಾಯಿ ಈ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಾಗ ಅವರು ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತರಂತೆ. "ಬೀರಪ್ಪ ಬಾಗಿಲು ಎಳ್ಕೊಂಡು ಹೊರಗೆ ಕೂತ. ಬಂದೋರಿಗೆಲ್ಲ ಡಾಕ್ಟರು ಕೆಲಸದಲ್ಲಿದಾರೆ ಅಂದ. ಇವತ್ತಿನವರೆಗೂ ನನ್ನ ಕಂಡಾಗ ಆ ವಿಷಯ ತನ್ನ ಕಣ್ಣಲ್ಲೂ ತೋರಿಸಿಲ್ಲ ಕಣ್ರೀ" ಎಂದು ಚಂದ್ರಶೇಖರಪ್ಪನವರೇ ಈಗ ನಗುತ್ತಾ ಹೇಳುತ್ತಾರೆ. ಬರೆದುಕೊಳ್ಳಿ ಎಂದದ್ದೂ ಅವರೇ.

ಆದರೆ ಈ ಬಾಯಿ ಹುಟ್ಟಿನಿಂದಲೇ ಹೀಗೆ ಬಿಗಿಯಾಗಿರಲಿಲ್ಲ. ಅದರ ಕಥೆ ಹೇಳಿದವರು ಭದ್ರಾವತಿಯ ಕರಿಯಣ್ಣ. ಮೊದಲು ಇಟ್ಟಿಗೆ ಗಾಡಿ ಹೊಡೆಯುತ್ತಿದ್ದವರು, ಈಗ ಕಾರ್ಖಾನೆಯಲ್ಲಿ ಖಲಾಸಿ. ಕಾರ್ಖಾನೆಯ ಕೆಲಸ ಸಿಕ್ಕಾಗ ಅವರು ಮಕ್ಕಳಂತೆ ಸಾಕಿದ ಎತ್ತಿನ ಜೋಡಿ ಮಾರಲು ಹೊರಟರು. ಕೊಳ್ಳಲು ಬಂದವನು ನೇರ ಬೀರಪ್ಪನವರ ಹತ್ತಿರ ಹೋದ. ಎಡದ ಎತ್ತು ಹೇಗೆ ಎಂದು ಕೇಳಿದ. "ಕಲ್ಲು ಇದ್ದಂಗಿದೆ" ಎಂದರು ಬೀರಪ್ಪ. ಬಲದ್ದು ಹೇಗೆ ಎಂದ. ಆ ಎತ್ತಿಗೆ ಹಿಂದೊಮ್ಮೆ ಹೊಟ್ಟೆಯುಬ್ಬರ ಬಂದು ಪೂರ್ತಿ ವಾಸಿಯಾಗಿತ್ತು. ಅದನ್ನು ಹೇಳುವುದು ಬೇಡವೆಂದು ಬೀರಪ್ಪ ಸುಮ್ಮನಾದರು. ಅಷ್ಟೇ ಸಾಕಾಯಿತು. ಬಲದ ಎತ್ತಿಗೆ ಏನೋ ಇದೆ ಎಂದು ಸಂತೆಗೆಲ್ಲ ಸುದ್ದಿ ಹಬ್ಬಿತು.

"ಎಷ್ಟು ಸಂತೆ ತಿರುಗಿದ್ರೂ ಜೋಡಿಗೆ ಗಿರಾಕಿ ಸಿಗ್ಲಿಲ್ಲ. ಕೊನೆಗೆ ಒಂದೊಂದನ್ನ ಒಂದೊಂದು ದಿಕ್ಕಿಗೆ ಕೊಟ್ಟೆ" ಎನ್ನುತ್ತಾರೆ ಕರಿಯಣ್ಣ. "ಎಡದ್ದು ಹೋಗ್ತಾ ಹೋಗ್ತಾ ತಿರುಗಿ ತಿರುಗಿ ಜೊತೇನ ನೋಡ್ತು. ಸೀದಾ ಬೀರಪ್ಪನ ಹತ್ರ ಹೋಗಿ ಕೇಳ್ದೆ, ಏನಂದೆ ನೀನು ಅಂತ. ಏನೂ ಅನ್ಲಿಲ್ಲ ಕಣೋ ಅಂದ. ಅದೇ ಮಾರಾಯ, ಏನೂ ಅನ್ನದೇನೇ ಎಲ್ಲಾ ಅಂದ್ಬಿಟ್ಟೆಯಲ್ಲ, ಅಂದೆ. ಪಾಪ, ಅವನೂ ಅತ್ತ."

ಅಂದಿನಿಂದ ಬೀರಪ್ಪನವರು ಕಾಯಿಲೆ ದನದ ಬಗ್ಗೆ ಮಾತ್ರವಲ್ಲ, ಚೆನ್ನಾಗಿರುವ ದನದ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಯಾರೇ ಕೇಳಲಿ, ಇಬ್ಬರೂ ಒಟ್ಟಿಗೆ ಬನ್ನಿ ಎಂಬ ಒಂದೇ ಉತ್ತರ. ಈ ಹಟಕ್ಕೆ ಅವರು ತೆತ್ತದ್ದು ಸ್ವಂತ ಅಕ್ಕನನ್ನು.

ಇದನ್ನು ಹೇಳಿದವರು ಬೀರಪ್ಪನವರ ಹೆಂಡತಿ ಸಣ್ಣಮ್ಮ. ಆಸ್ಪತ್ರೆಯ ಹಿಂದಿನ ಪುಟ್ಟ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಹೇಳಿದರು. ಹೊಳಲೂರಿನ ಬಂಗಾರಮ್ಮ ಬೀರಪ್ಪನವರಿಗೆ ಒಬ್ಬಳೇ ಅಕ್ಕ, ತಾಯಿ ಸತ್ತ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು. ಆಕೆಯ ಮಗನಿಗೆ ಬೀರಪ್ಪನವರ ಹಿರಿಮಗಳು ಗೌರಿಯನ್ನು ತರುವುದೆಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಆಗ ಬಂಗಾರಮ್ಮ ಮಲವಗೊಪ್ಪದ ಷಣ್ಮುಖಪ್ಪನವರ ಹಸುವೊಂದನ್ನು ಕೊಳ್ಳಲು ಬಂದರು. ತಮ್ಮನನ್ನು ಕೇಳಿದರು. ತಮ್ಮ ಏನೆಂದ? "ಇಬ್ರೂ ಡಾಕ್ಟರ ಹತ್ರ ಬನ್ನಿ ಅಕ್ಕಾ."

ಒಡಹುಟ್ಟಿದವನೇ ಚೆನ್ನಾಗಿದೆ ಎನ್ನಲಿಲ್ಲವೆಂದರೆ ಹಸುವಿಗೆ ದೊಡ್ಡ ರೋಗವೇ ಇರಬೇಕೆಂದು ಬಂಗಾರಮ್ಮ ಹಿಂದೆಗೆದರು. ಅದೇ ಹಸುವನ್ನು ಅವರ ಪಕ್ಕದ ಮನೆಯ ದುರ್ಗಮ್ಮ ಕೊಂಡಳು. ಹಸು ಬರೀ ಚುಚ್ಚುಮದ್ದಿಗೆಂದು ಆಸ್ಪತ್ರೆಗೆ ಬಂದಿತ್ತೆಂದು ಷಣ್ಮುಖಪ್ಪನವರೇ ಆಮೇಲೆ ಹೇಳಿದರು. ಅದು ಕೊಡುವ ಹಾಲಿಗೆ ಹೊಳಲೂರೇ ಬೆರಗಾಯಿತು. ಬೇಲಿಯಾಚೆ ದಿನಾ ಬೆಳಗ್ಗೆ ಚೊಂಬು ತುಂಬುವ ಸದ್ದು ಕೇಳುವುದು ಬಂಗಾರಮ್ಮನ ಪಾಲಿಗೆ ಬಂತು.

"ಅತ್ತಿಗೆ ಬಂದು ಈ ಅಂಗಳದಲ್ಲೇ ನಿಂತು ಕೂಗಾಡಿದ್ರು" ಎಂದರು ಸಣ್ಣಮ್ಮ. "ಚೆನ್ನಾಗಿದೆ ಅನ್ನೋ ಒಂದು ಮಾತಿಗೆ ನಿನ್ನ ಹಲ್ಲು ಉದುರ್ತಿತ್ತೇನೋ ಅಂದ್ರು. ಅಕ್ಕನಿಗೆ ಬಾಯಿ ಬಿಡದೋನ ಮಗಳು ನಂಗೆ ಬೇಡ ಅಂದು ಹೋದ್ರು. ಹಬ್ಬಕ್ಕೂ ಬರ್ಲಿಲ್ಲ. ಗೌರಿ ಅವತ್ತಿಂದ ಯಾವ ಗಂಡು ಬಂದ್ರೂ ತಲೆ ಎತ್ತಿ ನೋಡಲ್ಲ."

ನಿಜ ಹೇಳುತ್ತೇನೆ, ಇದನ್ನು ಕೇಳಿ ನನಗೆ ಮೈ ಉರಿಯಿತು. ಮಗಳ ಬಾಳಿಗಿಂತ ದೊಡ್ಡದೇ ಈ ಹಟ? ಬೀರಪ್ಪನವರನ್ನು ಹಾಗೆಯೇ ಕೇಳಿಬಿಟ್ಟೆ. ಅವರು ಕೈಲಿದ್ದ ಬ್ಯಾಂಡೇಜು ಬಟ್ಟೆಯನ್ನು ಸುತ್ತಿ ಪಕ್ಕಕ್ಕಿಟ್ಟರು. "ಚೆನ್ನಾಗಿರೋದನ್ನ ಒಂದೇ ಒಂದು ಸಲ ಚೆನ್ನಾಗಿದೆ ಅಂದ್ರೆ, ನಾಳೆ ನಾನು ಸುಮ್ಮನಿದ್ದದ್ದಕ್ಕೆಲ್ಲ ಅರ್ಥ ಬರುತ್ತೆ ಸ್ವಾಮಿ. ಮತ್ತೆ ಯಾರದೋ ಜೋಡಿ ಒಡೆಯುತ್ತೆ" ಎಂದರು. ಆಮೇಲೆ, "ಮಗಳ ಮುಖ ನೋಡೋಕಾಗಲ್ಲ, ಅದು ನಿಜ" ಎಂದರು.

ಇಷ್ಟು ಬರೆದು ಲೇಖನ ಮುಗಿಸಬೇಕೆಂದಿದ್ದೆ. ಒಂದೆರಡು ವಿವರ ಕೇಳಿಕೊಳ್ಳಲು ಕಳೆದ ವಾರ ಮತ್ತೆ ಹೋದೆ. ಅಂಗಳದಲ್ಲಿ ದಪ್ಪ ಸೀರೆಯ ಗಟ್ಟಿ ಹೆಂಗಸೊಬ್ಬರು ನಿಂತಿದ್ದರು. ಹಿಂದೆ ಹಗ್ಗ ಹಿಡಿದ ಮಗ, ಹಗ್ಗದ ತುದಿಯಲ್ಲಿ ಒಂದು ದನ. ಬಂಗಾರಮ್ಮ!

ಹಿಂದಿನ ದಿನವೇ ಹೊಳಲೂರು ಬಿಟ್ಟು, ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ತಂಗಿ, ಬೆಳಗಾಗುವಷ್ಟರಲ್ಲಿ ಇಲ್ಲಿಗೆ ಬಂದಿದ್ದರು. ಬೀರಪ್ಪನವರು ಗೊಟ್ಟ ಕೈಲಿ ಹಿಡಿದೇ ಎದುರಿಗೆ ಬಂದರು. "ಬಾರಕ್ಕ" ಎಂದರು.

"ಬಾರಕ್ಕ ಆಮೇಲೆ. ಮೊದಲು ದನ ನೋಡು" ಎಂದರು ಬಂಗಾರಮ್ಮ.

ಬೀರಪ್ಪನವರು ದನವನ್ನು ಒಳಗೆ ಕರೆದೊಯ್ದರು, ಡಾಕ್ಟರು ಹೋದರು, ಬಾಗಿಲು ಮುಚ್ಚಿತು. ನನ್ನ ಬಾಯಿ ಸುಮ್ಮನಿರುತ್ತದೆಯೇ? ಹೊಳಲೂರಿಗೆ ಹತ್ತಿರದಲ್ಲೇ ಆಸ್ಪತ್ರೆ ಇರುವಾಗ ಶಿವಮೊಗ್ಗ ದಾಟಿ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

ಬಂಗಾರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಿ ತೋರ್ಸಿದ್ರೆ ಸಾಯಂಕಾಲಕ್ಕೆ ದುರ್ಗಮ್ಮನ ಕಿವಿಗೆ ಬೀಳುತ್ತೆ. ಇವನ ಹತ್ರ ಆದ್ರೆ ಸತ್ರೂ ಹೊರಗೆ ಬರಲ್ಲ. ನಂಗೆ ಗೊತ್ತಿಲ್ವಾ? ನನಗೇ ಹೇಳ್ಲಿಲ್ಲ ಮಾರಾಯ ಇವನು!"

ಹೇಳುತ್ತಾ ಹೇಳುತ್ತಾ ಅವರೇ ನಕ್ಕುಬಿಟ್ಟರು. ನಗುವಿನ ನಡುವೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನು ಬಂದಿದ್ದು ಬರ್ಕೊಳ್ಳಿ. ದನಕ್ಕೆ ಏನಾಗಿತ್ತು ಅಂತ ಮಾತ್ರ ಕೇಳ್ಬೇಡಿ" ಎಂದರು.

ಗೌರಿ ಒಳಗಿಂದ ಕಾಫಿ ತಂದಳು. ಬಂಗಾರಮ್ಮ ಕಾಫಿ ತೆಗೆದುಕೊಂಡು, ಹುಡುಗಿಯ ಗಲ್ಲ ಹಿಡಿದು ಎತ್ತಿ, "ಎಷ್ಟು ಸೊರಗಿದೀಯೇ" ಎಂದರು. ಮಗ ಅತ್ತ ರಸ್ತೆಯ ಗಾಡಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ, ಅವನ ಕಿವಿ ಮಾತ್ರ ಕೆಂಪಾಗಿತ್ತು. ಹೊರಡುವಾಗ ಬಂಗಾರಮ್ಮ ಸಣ್ಣಮ್ಮನಿಗೆ, "ಆಯುಧಪೂಜೆ ಆದ್ಮೇಲೆ ನಾಲ್ಕು ಜನ ಹಿರಿಯರನ್ನ ಕರ್ಕೊಂಡು ಬರ್ತೀನಿ, ಮನೇಲಿರಿ" ಎಂದರು.

ದನ ತಿರುವಿನಲ್ಲಿ ಮರೆಯಾಗುತ್ತಲೇ ಸಣ್ಣಮ್ಮ ಗಂಡನನ್ನು ಕೇಳಿದರು, "ಅಲ್ಲಾರೀ, ಏನಾಗಿತ್ತು ಅದಕ್ಕೆ?" ಬೀರಪ್ಪನವರು ಚೌಕಟ್ಟಿಗೆ ನೀರು ಸುರಿದು ತೊಳೆಯತೊಡಗಿದರು. "ಬೀಗರಾಗೋರ ಮನೆ ದನ, ನನಗೂ ಹೇಳ್ಬಾರ್ದಾ?" ಎಂದರು ಸಣ್ಣಮ್ಮ. ಅವರು ಇನ್ನೊಂದು ಕೊಡ ನೀರು ಸುರಿದರು. ಆಕೆ ನನ್ನ ಕಡೆ ತಿರುಗಿ, "ನೋಡಿದ್ರಾ ನನ್ನ ಬಾಳು!" ಎಂದು ಹಣೆ ಚಚ್ಚಿಕೊಂಡು, ನಗುತ್ತಾ ಒಳಗೆ ಹೋದರು.

ಅಕ್ಕ ಕೊನೆಗೂ ತಮ್ಮನನ್ನು ಹುಡುಕಿಕೊಂಡು ಬಂದರಲ್ಲ, ಸಂತೋಷವಾಯಿತೇ ಎಂದು ನಾನು ಕೇಳಿದೆ. ಬೀರಪ್ಪನವರು ಖಾಲಿ ಕೊಡ ಕೆಳಗಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ತಮ್ಮ ಅಂತ ಬರೋದಾಗಿದ್ರೆ ಯಾವತ್ತೋ ಬರ್ತಿದ್ಲು. ಕಾಂಪೌಂಡರ್ ಅಂತ ಬಂದ್ಲು ನೋಡಿ. ತಮ್ಮನಾಗಿ ಹುಟ್ಟೋಕೆ ನಾನೇನೂ ಮಾಡ್ಲಿಲ್ಲ ಸ್ವಾಮಿ. ಇದನ್ನ ಮಾತ್ರ ನಾನು ದುಡಿದಿದ್ದು."